ಟೋಕಿಯೊದಲ್ಲೊಂದು ಬಡಾವಣೆ

1999ರ ಸುಮಾರಿಗೆ ಬೆಂಗಳೂರಿನ ನಿವಾಸಿಗಳ ಸಂಘಗಳಿಗೆಲ್ಲ ಒಂದು ಹೊಸ ಗೀಳು ಹತ್ತಿಕೊಂಡಿತು. ಪಕ್ಕದ ಬಡಾವಣೆಯವರು ವೆಬ್‌ಸೈಟ್ ಮಾಡಿಸಿದರಂತೆ ಎಂದು ಯಾರಾದರೂ ವಾಕಿಂಗ್‌ನಲ್ಲಿ ಹೇಳಿದರೆ ಸಾಕು, ಬರುವ ಭಾನುವಾರವೇ ಕಾರ್ಯಕಾರಿ ಸಮಿತಿ ಸೇರಿ ಠರಾವು ಪಾಸಾಗುತ್ತಿತ್ತು. ಸೈಟ್‌ನಲ್ಲಿ ಏನಿರಬೇಕು ಎನ್ನುವುದು ಠರಾವಿನಲ್ಲಿ ಇರುತ್ತಿರಲಿಲ್ಲ. ಅಧ್ಯಕ್ಷರ ಫೋಟೊ ಎಲ್ಲಿರಬೇಕು ಎನ್ನುವುದು ಇರುತ್ತಿತ್ತು.

ಉದ್ಘಾಟನೆಯ ಶಾಮಿಯಾನಕ್ಕೆ, ಕೇಸರಿಬಾತಿಗೆ, ಶಾಲು-ಹಾರಕ್ಕೆ ಬಜೆಟ್ ಉಂಟು, ಸೈಟ್‌ಗೆ ಇಲ್ಲ. ಅದನ್ನು ಮಾಡಲು ಬಡಾವಣೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಇದ್ದೇ ಇರುತ್ತಾನೆ. "ನಿಂಗೇನಪ್ಪಾ, ಎರಡು ಬಟನ್ ಒತ್ತಿದ್ರೆ ಆಯ್ತು" ಎಂದು ಕಾರ್ಯದರ್ಶಿಗಳು ಬೆನ್ನು ತಟ್ಟಿದರೆ ಸ್ವಯಂಸೇವಕನ ನೇಮಕಾತಿ ಮುಗಿಯಿತು. ಇಂಟರ್‌ನೆಟ್‌ನಲ್ಲಿ ಕಾಸಿಲ್ಲದೆ ಜಾಗ ಕೊಡುತ್ತಿದ್ದದ್ದು ಜಿಯೊಸಿಟೀಸ್ ಎಂಬ ತಾಣ. ಅಲ್ಲಿ ಊರಿನಂತೆ ಕೇರಿಗಳು: ಕಂಪ್ಯೂಟರ್‌ನವರಿಗೆ ಸಿಲಿಕಾನ್ ವ್ಯಾಲಿ, ತತ್ವಶಾಸ್ತ್ರದವರಿಗೆ ಅಥೆನ್ಸ್, ಏಷ್ಯಾದವರಿಗೆಲ್ಲ ಒಟ್ಟಾಗಿ ಟೋಕಿಯೊ. ಹೀಗಾಗಿ ಬಿಡಿಎ ಹಂಚಿದ ಸೈಟುಗಳಲ್ಲಿ ಮನೆ ಕಟ್ಟಿಕೊಂಡ ಜನರ ಸಂಘದ ಅಧಿಕೃತ ವಿಳಾಸ ಟೋಕಿಯೊದ ಒಂದು ಬೀದಿ, ನಾಲ್ಕು ಅಂಕಿಯ ಮನೆ ನಂಬರು. ಖಾತೆ, ಕಂದಾಯದ ತಕರಾರು ಇಲ್ಲದ ಏಕೈಕ ನಿವೇಶನ ಅದು.

ಯಾಹೂ ಅದೇ ವರ್ಷ ಜಿಯೊಸಿಟೀಸನ್ನು ಕೊಂಡ ಮೇಲೆ ಒಬ್ಬರಿಗೆ 15 ಎಂಬಿ ಜಾಗ ಸಿಗುತ್ತಿತ್ತು. ಬಡಾವಣೆಗೆ ಬೇಕಾದ ಮಾಹಿತಿಯನ್ನೆಲ್ಲ ಅಕ್ಷರದಲ್ಲಿ ತುಂಬಿದರೂ ಅದರಲ್ಲಿ ಮೂಲೆಯೊಂದು ಸಾಕು. ಆದರೆ ಅಧ್ಯಕ್ಷರ ಫೋಟೊ ಇದೆಯಲ್ಲ. 6 ಅಂಗುಲ ಉದ್ದ, 4 ಅಂಗುಲ ಅಗಲದ ಫೋಟೊವನ್ನು 300 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 300 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ 1800 ಚುಕ್ಕಿ ಉದ್ದ, 1200 ಚುಕ್ಕಿ ಅಗಲ. ಚುಕ್ಕಿಗೆ 3 ಬೈಟ್. ಸ್ಕ್ಯಾನರ್ ಅಂಗಡಿಯವನು ಅದನ್ನು ಏನೂ ಕುಗ್ಗಿಸದ ಬಿಎಂಪಿ ಕಡತವಾಗಿ ಉಳಿಸಿದರೆ ಸುಮಾರು 6.5 ಎಂಬಿ. 1.44 ಎಂಬಿಯ ಫ್ಲಾಪಿಯಲ್ಲಿ ತರಬೇಕಾದರೆ ಐದು ಫ್ಲಾಪಿಗೆ ಹರಿದು ಹಂಚಬೇಕು; ಐದರಲ್ಲಿ ಒಂದು ಓದುವುದಿಲ್ಲ, ಅದು ಸಾಮಾನ್ಯವಾಗಿ ಮೂರನೆಯದು. ಅಧ್ಯಕ್ಷರ ಪಕ್ಕದಲ್ಲಿ ಕಾರ್ಯದರ್ಶಿಗಳದೂ ಬಂದರೆ 13 ಎಂಬಿ. ಉಳಿದ 2 ಎಂಬಿಯಲ್ಲಿ ಬಡಾವಣೆಯ ನಾಗರಿಕರು ಹೊಂದಿಕೊಂಡು ಹೋಗಬೇಕು.

ಕುಗ್ಗಿಸಿದ ಜೆಪೆಗ್ ಕಡತ ಮಾಡಿ 200 ಚುಕ್ಕಿ ಅಗಲಕ್ಕೆ ಇಳಿಸಿದರೆ 10 ಕಿಲೋಬೈಟಿನಲ್ಲಿ ಮುಗಿಯುತ್ತದೆ ಎಂದು ಹುಡುಗ ಹೇಳಿ ನೋಡುತ್ತಾನೆ. ಹಾಗೆ ಮಾಡಿದರೆ ಮುಖದ ಕಳೆ ಹೋಗುತ್ತದೆ ಎಂದು ಸಮಿತಿ ತೀರ್ಮಾನಿಸುತ್ತದೆ. ಬದಲಿಗೆ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ ಅಗಲ 100 ಎಂದು ಬರೆದುಬಿಡು, ಚಿಕ್ಕದಾಗಿ ಕಾಣುತ್ತದೆ ಎಂದು ಸಲಹೆ. ಕಾಣುತ್ತದೆ, ನಿಜ. ಆದರೆ ಕಾಣುವ ಮೊದಲು ಪೂರ್ತಿ 6.5 ಎಂಬಿಯೂ ಇಳಿಯಬೇಕು. 33.6 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ ಸೆಕೆಂಡಿಗೆ 4 ಕಿಲೋಬೈಟ್ ಇಳಿದರೆ ಅದೃಷ್ಟ. ಅಂದರೆ ಅಂಚೆಚೀಟಿ ಗಾತ್ರದ ಅಧ್ಯಕ್ಷರ ದರ್ಶನಕ್ಕೆ 27 ನಿಮಿಷ, ಅಷ್ಟೂ ಹೊತ್ತು ಫೋನ್ ಮೀಟರ್ ಓಡುತ್ತಿರುತ್ತದೆ. ತಿರುಪತಿಯಲ್ಲಿ ಕಾಯುವವರಿಗೆ ಲಾಡುವಾದರೂ ಉಂಟು.

ಮುಂದಿನದು ಭಾಷೆ. ನಾಡು-ನುಡಿಯ ಅಭಿಮಾನಿಗಳಾದ್ದರಿಂದ ಸೈಟ್ ಕನ್ನಡದಲ್ಲೇ ಇರಬೇಕು, ಬಹಳ ಸರಿ. ಆಗಿನ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಿದ್ದರು. ಫಾಂಟ್ ಇದ್ದವನಿಗೆ ಕನ್ನಡ. ಇಲ್ಲದವನಿಗೆ ತಲೆಯ ಮೇಲೆ ಕೊಂಬು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಆದ್ದರಿಂದ ಮುಖಪುಟದಲ್ಲಿ ಒಂದು ಸೂಚನೆ: "ಈ ತಾಣವನ್ನು ಓದಲು ಕನ್ನಡ ಫಾಂಟ್ ಅಗತ್ಯ. ಇಳಿಸಿಕೊಳ್ಳಲು ಇಲ್ಲಿ ಒತ್ತಿ." ಆ ಸೂಚನೆಯೂ ಅದೇ ಫಾಂಟಿನಲ್ಲಿ. ಓದಬಲ್ಲವನಿಗೆ ಅದು ಬೇಡ, ಬೇಕಾದವನಿಗೆ ಅದು ಓದಲು ಬಾರದು. ಸರ್ಕಾರಿ ಕಚೇರಿಯಲ್ಲಿ ಅರ್ಜಿ ನಮೂನೆ ಪಡೆಯಲು ಅರ್ಜಿ ಕೊಡಿ ಎಂದು ಕೇಳಿದಾಗ ಸಿಡಿಮಿಡಿಗೊಂಡವರೇ ಇದನ್ನು ಬರೆಸಿದವರು.

ಹೇಗೋ ಸುಳಿವು ಹಿಡಿದು ಫಾಂಟ್ ಇಳಿಸಿಕೊಂಡವನು ಅದನ್ನು ಕಂಟ್ರೋಲ್ ಪ್ಯಾನೆಲ್‌ನ ಫಾಂಟ್ಸ್ ಫೋಲ್ಡರಿಗೆ ಹಾಕಬೇಕು. ಸೈಬರ್ ಕೆಫೆಯಲ್ಲಿ ಅಲ್ಲಿಗೆ ಕೈ ಹೋದ ಕೂಡಲೇ ಮಾಲೀಕ "ಹಲೋ ಸಾರ್, ಸಿಸ್ಟಮ್ ಮುಟ್ಬೇಡಿ" ಎಂದು ಎದ್ದು ಬರುತ್ತಾನೆ. ಡೈನಮಿಕ್ ಫಾಂಟ್ ಎಂಬ ಉಪಾಯವೂ ಇತ್ತು: ಪುಟದ ಜೊತೆಗೇ ಫಾಂಟ್ ತಾನಾಗಿ ಇಳಿಯುತ್ತದೆ. ಆದರೆ ಆಗಿನ ಎರಡು ಬ್ರೌಸರ್‌ಗಳಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಪ್ಲೋರರ್‌ಗೆ ಒಂದು ಬಗೆ, ನೆಟ್‌ಸ್ಕೇಪ್‌ಗೆ ಇನ್ನೊಂದು ಬಗೆ. ಮೈಕ್ರೋಸಾಫ್ಟ್‌ನದು ಯಾವ ವಿಳಾಸಕ್ಕೆಂದು ಮಾಡಿಸಿದರೋ ಅಲ್ಲಿ ಮಾತ್ರ ಕೆಲಸ ಮಾಡುತ್ತದೆ; ಸೈಟ್ ವಿಳಾಸ ಬದಲಿಸಿದ ದಿನ ಕನ್ನಡ ಹಳೆಯ ಮನೆಯಲ್ಲೇ ಉಳಿಯುತ್ತದೆ. ಸ್ಮರಣ ಸಂಚಿಕೆಯ ಲೇಖನಗಳನ್ನೆಲ್ಲ ಹಾಕೋಣವೆಂದರೆ ಡಿಟಿಪಿಯವನು ಮಾಡಿದ್ದು ಶ್ರೀಲಿಪಿ ತಂತ್ರಾಂಶದಲ್ಲಿ, ಹುಡುಗನ ಹತ್ತಿರ ಇದ್ದದ್ದು ಬರಹ ತಂತ್ರಾಂಶ. ಒಂದರ ಸಂಕೇತ ಇನ್ನೊಂದಕ್ಕೆ ತಿಳಿಯದು. ಎಲ್ಲ ಭಾಷೆಗಳಿಗೂ ಒಂದೇ ಸಂಕೇತಪಟ್ಟಿಯಾದ ಯುನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿತ್ತು; ಅದನ್ನು ಒತ್ತಕ್ಷರ ಸಮೇತ ಕೂಡಿಸಿ ತೋರಿಸುವ ವಿಂಡೋಸ್ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಅಂಟಿಸುವುದೇ ಗತಿ. ಆ 15 ಎಂಬಿಯಲ್ಲಿ ಉಳಿದಿದ್ದ 2 ಎಂಬಿ ಹೋದದ್ದು ಹೀಗೆ.

ಉದ್ಘಾಟನೆಗೆ ಶಾಸಕರು ಬಂದರು. ಮಾನಿಟರಿಗೆ ಹೂವಿನ ಹಾರ, ಮೌಸಿಗೆ ಕುಂಕುಮ. ಕಲ್ಯಾಣ ಮಂಟಪದಲ್ಲಿ ಫೋನ್ ಲೈನ್ ಇರಲಿಲ್ಲವಾದ್ದರಿಂದ ಜಗತ್ತಿಗೆ ಅರ್ಪಣೆಯಾದ ಸೈಟ್ ಓಡಿದ್ದು ಅದೇ ಕಂಪ್ಯೂಟರಿನ ಸಿ ಡ್ರೈವ್‌ನಿಂದ. ಫೋಟೊ ಟಪ್ಪನೆ ಬಂತು, ಚಪ್ಪಾಳೆಯೂ ಬಿತ್ತು. ಮಾರನೆಯ ದಿನ ಬೇರೆ ಮನೆಯಲ್ಲಿ ತೆರೆದವರಿಗೆ ಅಧ್ಯಕ್ಷರ ಜಾಗದಲ್ಲಿ ಕೆಂಪು ಇಂಟು ಗುರುತು. ಪುಟ ತಯಾರಿಸಿದ ಫ್ರಂಟ್‌ಪೇಜ್ ತಂತ್ರಾಂಶ ಫೋಟೊದ ವಿಳಾಸವನ್ನು ಸಿ ಡ್ರೈವ್‌ನ ಮೈ ಡಾಕ್ಯುಮೆಂಟ್ಸ್ ಎಂದೇ ಬರೆದಿತ್ತು. ಅದನ್ನು ತಿದ್ದಿದರೂ ಬರಲಿಲ್ಲ: ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಪುಟದಲ್ಲಿ ಬರೆದದ್ದು ಚಿಕ್ಕಕ್ಷರ. ವಿಂಡೋಸ್‌ಗೆ ಎರಡೂ ಒಂದೇ, ಯುನಿಕ್ಸ್ ಸರ್ವರಿಗೆ ಅಲ್ಲ. ಅದೂ ಸರಿಹೋದ ಮೇಲೆ ಫೋಟೊ ಚೂರುಚೂರಾಗಿ ಬಂತು, ಸರ್ವರಿಗೆ ಕಡತ ಕಳಿಸುವ ಎಫ್‌ಟಿಪಿಯಲ್ಲಿ ಚಿತ್ರಕ್ಕೆ ಬೇಕಾದ ಬೈನರಿ ಬದಲು ಬರೀ ಅಕ್ಷರಕ್ಕೆಂದಿರುವ ಆಸ್ಕಿ ಮೋಡ್‌ನಲ್ಲಿ ಕಳಿಸಿದ್ದರಿಂದ. ಇದರಲ್ಲಿ ವಿರೋಧಿ ಬಣದ ಕೈವಾಡವಿದೆಯೇ ಎಂದು ಒಂದು ಸಭೆ ಚರ್ಚಿಸಿತು.

ಈ ನಡುವೆ ಹುಡುಗ ಒಂದು ಅಪಚಾರ ಮಾಡಿದ. ಕಾವೇರಿ ನೀರು ಯಾವ ಕ್ರಾಸಿಗೆ ಯಾವ ದಿನ, ಎಷ್ಟು ಗಂಟೆಗೆ ಎಂಬ ಪಟ್ಟಿ ಹಾಕೋಣ ಅಂಕಲ್ ಎಂದ. ಬರೀ ಅಂಕಿ-ಅಕ್ಷರ, 2 ಕಿಲೋಬೈಟ್, ಅರೆ ಸೆಕೆಂಡಿನಲ್ಲಿ ಇಳಿಯುತ್ತದೆ. ಸಮಿತಿ ಗಾಬರಿಯಾಯಿತು. ಹಾಕಿದ ಮೇಲೆ ನೀರು ಬಾರದಿದ್ದರೆ ಜನ ವಾಲ್ವ್‌ಮ್ಯಾನ್‌ನನ್ನು ಬಿಟ್ಟು ಪದಾಧಿಕಾರಿಗಳ ಮನೆಗೆ ಬರುವುದಿಲ್ಲವೇ? ಆ ಪುಟಕ್ಕೆ "ನಿರ್ಮಾಣ ಹಂತದಲ್ಲಿದೆ" ಎಂಬ ಫಲಕ, ಗುದ್ದಲಿ ಹಿಡಿದು ಅಗೆಯುತ್ತಲೇ ಇರುವ ಮನುಷ್ಯನ ಜಿಫ್ ಹಾಕಲಾಯಿತು. ಇಡೀ ಸೈಟ್‌ನಲ್ಲಿ ಬಡಾವಣೆಯ ರಸ್ತೆಗಳ ಸ್ಥಿತಿಯನ್ನು ಇದ್ದದ್ದು ಇದ್ದಂತೆ ತೋರಿಸುತ್ತಿದ್ದದ್ದು ಅದೊಂದೇ.

ಸೈಟ್‌ಗೆ ಬಂದವರನ್ನು ಎಣಿಸುವ ಕೌಂಟರ್ ಮಾತ್ರ ಚೆನ್ನಾಗಿ ನಡೆಯಿತು. ಯಾವ ಸಂಖ್ಯೆಯಿಂದ ಬೇಕಾದರೂ ಶುರು ಮಾಡಬಹುದಾದ್ದರಿಂದ ಮುಯ್ಯಿ ಲೆಕ್ಕದಲ್ಲಿ 1001 ಎಂದು ಶುರು. ರಿಫ್ರೆಶ್ ಒತ್ತಿದಷ್ಟೂ ಏರುತ್ತದೆ, ಒತ್ತುವವರು ನಿವೃತ್ತರು. ವಾರ್ಷಿಕ ವರದಿಯಲ್ಲಿ ಇವರೆಲ್ಲ ದೇಶವಿದೇಶಗಳ ಸಂದರ್ಶಕರಾದರು.

2000ದ ಜನವರಿ 1ರಂದು ಮುಖಪುಟದ ದಿನಾಂಕ ಕೆಟ್ಟಿತು. ಪುಟದೊಳಗೆ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆ 99 ಎಂದು ಕೊಡುತ್ತಿದ್ದ ವರ್ಷದ ಹಿಂದೆ 19 ಅಂಟಿಸುವ ಸಾಲನ್ನು ಎಲ್ಲಿಂದಲೋ ನಕಲು ಮಾಡಿ ಹಾಕಿದ್ದರು. 1900ರಿಂದ ಎಣಿಸಿದ ನೆಟ್‌ಸ್ಕೇಪ್ 100 ಎಂದಿತು, ಎಕ್ಸ್‌ಪ್ಲೋರರ್ 2000 ಎಂದಿತು. ಒಬ್ಬರ ಮನೆಯಲ್ಲಿ ಇಸವಿ 19100, ಇನ್ನೊಬ್ಬರಲ್ಲಿ 192000. ಎರಡರಲ್ಲೂ ಅಧ್ಯಕ್ಷರು ಅವರೇ.

ಟೋಕಿಯೊ ಬೇಡ, ನಮ್ಮದೇ ಡಾಟ್ ಕಾಮ್ ಬೇಕೆಂದು ಇದಕ್ಕೂ ಮುಂಚೆಯೇ ನಿರ್ಧಾರವಾಗಿತ್ತು. ಎರಡು ವರ್ಷಕ್ಕೆ 70 ಡಾಲರ್. ಡಾಲರಿನಲ್ಲಿ ನಡೆಯುವ ಕಾರ್ಡ್ ಸಂಘದಲ್ಲಿ ಯಾರ ಬಳಿಯೂ ಇಲ್ಲ. ಖಜಾಂಚಿಗೆ ಮೂರು ಕೊಟೇಶನ್ ಇಲ್ಲದೆ ಚೆಕ್ ಹರಿಯಲು ಬರುವುದಿಲ್ಲ. ಅಧ್ಯಕ್ಷರ ಅಮೆರಿಕದ ಅಳಿಯಂದಿರು ಕಟ್ಟಿದರು, ತಮ್ಮ ಹೆಸರಿನಲ್ಲಿ, ತಮ್ಮ ಆಫೀಸಿನ ಇಮೇಲ್ ಕೊಟ್ಟು. ಇಂಟರ್‌ನೆಟ್ ಕಂಪನಿಗಳ ಡಾಟ್‌ಕಾಮ್ ಗುಳ್ಳೆ ಒಡೆದು 2001ರಲ್ಲಿ ಅಳಿಯಂದಿರ ಕೆಲಸ ಹೋಯಿತು, ಇಮೇಲ್ ಕೂಡ. ನವೀಕರಣದ ಜ್ಞಾಪನೆಗಳು ಆ ಮುಚ್ಚಿದ ಪೆಟ್ಟಿಗೆಗೇ ಹೋದವು. ಇಮೇಲ್ ಬದಲಿಸಿ ಎಂದರೆ ಹೆಸರು ಮಾರಿದ ಕಂಪನಿಯವರು ಹಳೆಯ ಇಮೇಲ್‌ನಿಂದಲೇ ಕೋರಿಕೆ ಕಳಿಸಿ ಎಂದರು. ಪಾಸ್‌ವರ್ಡ್ ಗೊತ್ತಿದ್ದ ಹುಡುಗ ಅಷ್ಟರಲ್ಲಿ ವೀಸಾ ಸಿಕ್ಕಿ ವಿಮಾನ ಹತ್ತಿದ್ದ.

ಅವಧಿ ಮುಗಿದ ಹೆಸರನ್ನು ಯಾರೋ ಕೊಂಡರು, ಅಲ್ಲೀಗ ಕ್ಯಾಸಿನೊ. ವಿಷಯ ಸಭೆಗೆ ಬಂದಾಗ ಖಜಾಂಚಿಗಳು ಎದ್ದು, ಆ ವಿಳಾಸ ಅಚ್ಚಾಗಿರುವ ಲೆಟರ್‌ಹೆಡ್ ಇನ್ನೂ ಎರಡು ರೀಮು ಉಳಿದಿದೆ, ಮುಗಿಯುವವರೆಗೆ ಬಳಸೋಣ ಎಂದರು. ಸರ್ವಾನುಮತದ ಒಪ್ಪಿಗೆ. ಎರಡು ವಾರದಿಂದ ನೀರು ಬಂದಿಲ್ಲವೆಂದು ಜಲಮಂಡಳಿಗೆ ಬರೆದ ದೂರು ಹೋದದ್ದು ಆ ಕಾಗದದಲ್ಲೇ. "ಹೆಚ್ಚಿನ ವಿವರಗಳಿಗೆ ನಮ್ಮ ವೆಬ್‌ಸೈಟ್ ನೋಡಿ" ಎಂದು ಕೆಳಗೆ ಅಚ್ಚಾಗಿಯೇ ಇತ್ತು.