ಕೂಟ ನಡೆಸುವ ಅಕ್ಕನನ್ನು ಯಾರು ವಿಚಾರಿಸುತ್ತಾರೆ?

ನಿನ್ನೆ ರಾತ್ರಿಯಿಂದ ಸಿಟ್ಟು ಇಳಿದಿಲ್ಲ. ಹಾಗಾಗಿ ಇದು ಉದ್ದ ಆಗುತ್ತದೆ. ತಾಳ್ಮೆ ಇದ್ದವರು ಪೂರ್ತಿ ಓದಿ. ನಮ್ಮ ಕ್ರೈಸ್ತ ಸಭೆಗಳ (ಚರ್ಚುಗಳ) ಕಮಿಟಿಯಲ್ಲಿರುವ ಹಿರಿಯರು ದಯವಿಟ್ಟು ಓದಲೇಬೇಕು.

ನಿನ್ನೆ ಮಾರ್ಚ್ ತಿಂಗಳ ಮೊದಲ ಶುಕ್ರವಾರ. ವಿಶ್ವ ಪ್ರಾರ್ಥನಾ ದಿನ. ನಮ್ಮ ಸಭೆಗಳ ಹೆಂಗಸರಿಗೆ ಇದು ಗೊತ್ತು, ಉಳಿದ ಗೆಳೆಯರಿಗಾಗಿ ಹೇಳುತ್ತೇನೆ. ಪ್ರತಿ ವರ್ಷ ಒಂದೊಂದು ದೇಶದ ಹೆಂಗಸರು ಕೂತು ಆರಾಧನೆಯ ಕ್ರಮ ಬರೆಯುತ್ತಾರೆ. ಲೋಕದ ಎಲ್ಲ ಕಡೆಯ ಹೆಂಗಸರು ಅದೇ ದಿನ ಅದೇ ಕ್ರಮದಲ್ಲಿ ಪ್ರಾರ್ಥನೆ ಮಾಡುತ್ತಾರೆ. 1927ರಿಂದ ಇದು ನಡೆದುಕೊಂಡು ಬಂದಿದೆ. 2024ರಲ್ಲಿ ಪ್ಯಾಲೆಸ್ಟೀನ್ ಹೆಂಗಸರು ಬರೆದಿದ್ದರು, ಹೋದ ವರ್ಷ ಕುಕ್ ದ್ವೀಪಗಳವರು. ಈ 2026ರಲ್ಲಿ ನೈಜೀರಿಯಾದವರು. ಅವರು ಆರಿಸಿಕೊಂಡ ವಾಕ್ಯ ಮತ್ತಾಯ 11ನೇ ಅಧ್ಯಾಯದ್ದು. ಹೊರೆ ಹೊತ್ತವರೆಲ್ಲ ಬನ್ನಿ, ನಾನು ವಿಶ್ರಾಂತಿ ಕೊಡುತ್ತೇನೆ ಎಂದು ಯೇಸುಸ್ವಾಮಿ ಕರೆಯುವ ಮಾತು.

ಇಷ್ಟು ಚೆಂದದ ವಿಷಯ. ಅದನ್ನು ನಮ್ಮೂರಲ್ಲಿ ನಡೆಸಿಕೊಟ್ಟವಳು ಒಬ್ಬಳು ಅಕ್ಕ, ಮಹಿಳಾ ಕೂಟದ ಸೆಕ್ರೆಟರಿ. ಯಾವ ಸಭೆ, ಯಾರು ಅಂತ ಕೇಳಬೇಡಿ, ಹೇಳುವುದಿಲ್ಲ. ಕ್ರಮದ ಪ್ರತಿಗಳನ್ನು ತೆಗೆಸಿದ್ದು ಅವಳು. ಮೆಥೋಡಿಸ್ಟ್ ಸಭೆಯವರನ್ನು, ರಕ್ಷಣಾ ಸೈನ್ಯ (ಸಾಲ್ವೇಶನ್ ಆರ್ಮಿ) ಸಭೆಯವರನ್ನು, ಕಾನ್ವೆಂಟಿನ ಸಿಸ್ಟರ್‌ಗಳನ್ನು ಮನೆ ಬಾಗಿಲಿಗೆ ಹೋಗಿ ಕರೆದದ್ದು ಅವಳು. ಯಾರು ಯಾವ ಭಾಗ ಓದಬೇಕು ಅಂತ ಹಂಚಿದ್ದು, ಹಾಡು ಕಲಿಸಿದ್ದು, ಮೇಜಿನ ಮೇಲೆ ನೈಜೀರಿಯಾದ ನಕ್ಷೆ ಇಟ್ಟು ಅಲಂಕಾರ ಮಾಡಿದ್ದು, ಉಪ್ಪಿಟ್ಟು ಚಹಾಕ್ಕೆ ಓಡಾಡಿದ್ದು, ಎಲ್ಲ ಅವಳೇ. ಮನೆಯಲ್ಲಿ ಲಕ್ವ ಹೊಡೆದ ಅತ್ತೆ ಮಲಗಿದ್ದಾರೆ. ಈಗ ಲೆಂಟ್ ಬೇರೆ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ವಾರವಿಡೀ ಮನೆಕೂಟಗಳು.

ಕೊನೆಯ ಆಶೀರ್ವಾದ ಮುಗಿಯಿತು. ಕಮಿಟಿಯ ಹಿರಿಯರೊಬ್ಬರು ಬಂದರು. ಎಲ್ಲರ ಎದುರೇ, ಅರ್ಧ ತಾಸು ತಡ ಆಯ್ತು, ಉಪ್ಪಿಟ್ಟು ಸಾಲಲಿಲ್ಲ, ಮುಂದಿನ ಸಲ ಸರಿಯಾಗಿ ಮಾಡ್ರಿ ಅಂದರು. ಅಷ್ಟೇ. ಬೇರೆ ಒಂದು ಮಾತೂ ಇಲ್ಲ. ಅವಳು "ಆತ್ರಿ" ಅಂದು ಪಾತ್ರೆ ತೊಳೆಯಲು ಹೋದಳು. ನಾನೂ ಹಿಂದೆ ಹೋದೆ. ಊಟ ಆಯ್ತೇನವಾ ಅಂತ ಕೇಳಿದೆ. ಅದಕ್ಕೆ ಅವಳು ಹೇಳಿದ್ದು: "ಎಲ್ಲಾರ ಮನಿಗೂ ನಾ ಹೋಗ್ತೀನ್ರಿ ಅಕ್ಕಾರ. ನನ್ನ ಮನಿಗ್ಯಾರ ಬರ್ತಾರ ಹೇಳ್ರಿ?"

ವಿಶ್ರಾಂತಿಯ ಬಗ್ಗೆ ಎರಡು ತಾಸು ಹಾಡಿ ಪ್ರಾರ್ಥಿಸಿದೆವು. ಅದನ್ನು ನಮಗೆ ಬಡಿಸಿದವಳಿಗೆ ಒಂದು ತುತ್ತು ಅನ್ನ ತಿಂದೆಯಾ ಎಂದು ಕೇಳುವವರಿಲ್ಲ. ನನಗೆ ಇದು ಪಾಪ ಅನ್ನಿಸುತ್ತದೆ. ದೊಡ್ಡ ಮಾತು ಅನ್ನಿಸಿದರೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಮಹಿಳಾ ಕೂಟದ ಕೆಲಸ ಅಂದರೆ ಗುರುವಾರ ಮಧ್ಯಾಹ್ನ ನಾಲ್ಕು ಹಾಡು, ಒಂದು ವಾಕ್ಯ, ಕಾಣಿಕೆ ಎಂದು ತಿಳಿದವರು ತುಂಬಾ ಜನ ಇದ್ದಾರೆ. ಸಭೆಯಲ್ಲಿ ಒಬ್ಬ ಹೆಂಗಸು ತೀರಿಕೊಂಡರೆ ರಾತ್ರಿ ಎರಡು ಗಂಟೆಗೆ ಫೋನ್ ಬರುವುದು ಯಾರಿಗೆ? ಆ ಮೈಯನ್ನು ತೊಳೆದು, ಸೀರೆ ಉಡಿಸಿ, ತಲೆ ಬಾಚಿ, ಪೆಟ್ಟಿಗೆಯಲ್ಲಿ ಮಲಗಿಸಲು ನಿಲ್ಲುವವರು ಯಾರು? ಗಂಡ ಕುಡಿದು ಹೊಡೆದ ಎಂದು ಮಗು ಎತ್ತಿಕೊಂಡು ಒಬ್ಬಳು ಓಡಿ ಬಂದರೆ ಯಾರ ಮನೆಗೆ ಬರುತ್ತಾಳೆ? ಸಭೆಯ ಅಯ್ಯನವರ (ಪಾದ್ರಿಗಳ) ಹತ್ತಿರ ಹೇಳಲು ನಾಚಿಕೆ ಪಡುವ ಕಾಯಿಲೆಯನ್ನು ಯಾರ ಕಿವಿಯಲ್ಲಿ ಹೇಳುತ್ತಾಳೆ? ಬೇಸಿಗೆ ಬಂದರೆ ಮಕ್ಕಳ ರಜೆಯ ಬೈಬಲ್ ಶಾಲೆ ವಿಬಿಎಸ್, ಆಮೇಲೆ ಸುಗ್ಗಿ ಹಬ್ಬದ ಹರಾಜು, ಡಿಸೆಂಬರಿನಲ್ಲಿ ಕ್ಯಾರಲ್. ಅದೆಲ್ಲ ಕಣ್ಣಿಗೆ ಕಾಣುವ ಕೆಲಸ. ಸುಸ್ತು ಮಾಡುವುದು ಅದಲ್ಲ. ಸುಸ್ತು ಮಾಡುವುದು ಎದೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತುಗಳು.

ಯಾರ ಮಗಳು ಯಾಕೆ ತವರಿಗೆ ಬಂದಿದ್ದಾಳೆ, ಯಾರ ಮಗ ಸಾಲ ಮಾಡಿಕೊಂಡು ಎಲ್ಲಿದ್ದಾನೆ, ಯಾರಿಗೆ ಗಂಟು ಆಗಿದೆ, ಯಾರು ನಿದ್ದೆ ಮಾತ್ರೆ ನುಂಗುತ್ತಿದ್ದಾರೆ, ಎಲ್ಲ ಆ ಒಬ್ಬಳಿಗೆ ಗೊತ್ತು. ಗಂಡನಿಗೂ ಹೇಳುವಂತಿಲ್ಲ. ಸಭೆಯಲ್ಲಿ ಬಾಯಿ ಬಿಡುವಂತಿಲ್ಲ. ಭಾನುವಾರ ಅದೇ ಜನರ ನಡುವೆ ಕೂತು ನಗುತ್ತಾ ಕೈ ಕುಲುಕಬೇಕು. ತನ್ನ ಮನೆಯಲ್ಲೇ ಏನಾದರೂ ಆದರೆ? ತನ್ನ ಕೂಟದ ಹೆಂಗಸರ ಮುಂದೆ ಅತ್ತರೆ ಮರುದಿನ ಅದು ಊರಿನ ಸುದ್ದಿ. ಪ್ರಾರ್ಥನೆಯ ವಿಷಯ ಅಂತ ಕೊಟ್ಟದ್ದು ಮನೆಮನೆ ಸುತ್ತಿ ಬರುತ್ತದೆ. ನಿಮಗೂ ಗೊತ್ತು ಅಲ್ವಾ.

ನನ್ನ ಹಿನ್ನೆಲೆ ನಿಮಗೆಲ್ಲ ಗೊತ್ತೇ ಇದೆ. ವರ್ಷಗಟ್ಟಲೆ ಕೂಟ ನಡೆಸಿದವಳು ನಾನು. ಆದರೆ ಒಂದು ಸಂಗತಿ ಇಲ್ಲಿ ಯಾವತ್ತೂ ಬರೆದಿರಲಿಲ್ಲ. ನಮ್ಮೆಜಮಾನರು ಐಸಿಯುನಲ್ಲಿದ್ದಾಗ ನನಗೆ ಪ್ರಾರ್ಥನೆ ಮಾಡಲು ಬರುತ್ತಿರಲಿಲ್ಲ. ನಿಜವಾಗಿ. ಬಾಯಿ ತೆರೆದರೆ ಮಾತೇ ಹೊರಡುತ್ತಿರಲಿಲ್ಲ. ಬೇರೆಯವರಿಗಾಗಿ ತಾಸುಗಟ್ಟಲೆ ಪ್ರಾರ್ಥಿಸಿದವಳು, ನನ್ನ ಗಂಡನಿಗಾಗಿ ಒಂದು ವಾಕ್ಯ ಹೇಳಲಾರದೆ ಕೂತಿದ್ದೆ. ಸಭೆಯಿಂದ ಫೋನ್ ಬರುತ್ತಿತ್ತು. ಕ್ರಿಸ್‌ಮಸ್ ಕಾರ್ಯಕ್ರಮದ ಚೀಟಿ ಎಲ್ಲಿದೆ, ಕಪಾಟಿನ ಕೀಲಿ ಯಾರ ಹತ್ತಿರ ಇದೆ. ಅದೇ ಹೊತ್ತಿಗೆ ಬೇರೆ ಸಭೆಯ ಕೂಟ ನಡೆಸುವ ಒಬ್ಬರು ಅಮ್ಮ ಮನೆಗೆ ಬಂದರು. ಅಷ್ಟೇನೂ ಪರಿಚಯ ಇರಲಿಲ್ಲ. ವಾಕ್ಯ ಓದಲಿಲ್ಲ. ಧೈರ್ಯವಾಗಿರು ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದರು, ಅನ್ನ ಸಾರು ಮಾಡಿದರು. ನನ್ನನ್ನು ಉಣ್ಣಿಸಿ, "ನೀ ಮಲ್ಕೋವಾ, ನಿನ್ನ ಪಾಲಿನ ಪ್ರಾರ್ಥನೆ ನಾ ಮಾಡ್ತೀನಿ" ಅಂದರು. ನನ್ನ ನಂಬಿಕೆ ಉಳಿದದ್ದು ಆ ಅಮ್ಮನಿಂದ. ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತಿದೆ.

ಅವರು ಯಾಕೆ ಬಂದರು ಗೊತ್ತಾ? ಅವರೂ ಕೂಟ ನಡೆಸುವವರು. ನನ್ನ ಮನೆ ಹೇಗಿರುತ್ತದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಇಷ್ಟು ಓದಿ ಕೆಲವರು ಬರೆಯುತ್ತಾರೆ, ನನಗೆ ಗೊತ್ತು: "ಸೇವೆ ದೇವರಿಗಾಗಿ ಮಾಡಬೇಕು, ಮನುಷ್ಯರ ಹೊಗಳಿಕೆಗಲ್ಲ. ಪ್ರತಿಫಲ ಪರಲೋಕದಲ್ಲಿ." ಈ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಇದನ್ನು ಯಾರು, ಯಾರಿಗೆ ಹೇಳುತ್ತಾರೆ ನೋಡಿ. ಹೊರೆ ಹೊತ್ತವಳು ಹೇಳಿಕೊಂಡರೆ ಅದು ಭಕ್ತಿ. ಹೊರಿಸಿದವನು ಹೇಳಿದರೆ ಅದು ಭಕ್ತಿ ಅಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗೆಯಿರಿ. ಹೆಸರುಗಳ ಪಟ್ಟಿ ಅಂತ ನಾವು ದಾಟಿ ಹೋಗುವ ಅಧ್ಯಾಯ. ಪೌಲನು ಮೊದಲು ಹೇಳುವ ಹೆಸರೇ ಫೊಯಿಬೆ. ಕೆಂಖ್ರೆಯ ಸಭೆಯ ಸೇವಕಿ. ಅವಳನ್ನು ಹೊಗಳಿ ಸುಮ್ಮನಾಗುವುದಿಲ್ಲ ಪೌಲ. ಅವಳಿಗೆ ಏನು ಬೇಕೋ ಆ ಸಹಾಯ ಮಾಡಿ, ಅವಳು ಅನೇಕರಿಗೆ ಸಹಾಯ ಮಾಡಿದವಳು, ನನಗೂ ಮಾಡಿದವಳು ಅನ್ನುತ್ತಾನೆ. ಆಮೇಲೆ ಪ್ರಿಸ್ಕಿಲ್ಲ, ಮರಿಯ, ಪೆರ್ಸೀಸ್, ಒಬ್ಬೊಬ್ಬರ ಹೆಸರು, ಒಬ್ಬೊಬ್ಬರು ಪಟ್ಟ ಕಷ್ಟ. ಪರಲೋಕದ ಪ್ರತಿಫಲ ಪೌಲನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಹೆಸರು ಹಿಡಿದು ನೆನೆದ. ಸಹಾಯ ಮಾಡಿ ಅಂತ ಸಭೆಗೆ ಹೇಳಿದ.

ಎಲೀಯನದೂ ಅಷ್ಟೇ. ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿಗೆ ದೇವರು ಮೊದಲು ಪ್ರಸಂಗ ಮಾಡಲಿಲ್ಲ. ದೂತನು ಅವನನ್ನು ತಟ್ಟಿ ಎಬ್ಬಿಸಿದ. ಬಿಸಿ ರೊಟ್ಟಿ, ನೀರು. ತಿಂದು ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ನಮ್ಮ ಸಭೆಗಳಲ್ಲಿ ಆ ರೊಟ್ಟಿ ಕೊಡುವವರು ಯಾರು ಎಂಬುದೇ ನನ್ನ ಪ್ರಶ್ನೆ.

ಇನ್ನೊಂದು ಮಾತು ಬರುತ್ತದೆ, ಹೆಂಗಸರು ಸೇರಿದರೆ ಜಗಳ, ಚಾಡಿ. ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಹೆಂಗಸರ ನಡುವೆ ಮನಸ್ತಾಪ ಇತ್ತು, ನಿಜ. ಫಿಲಿಪ್ಪಿ ಸಭೆಗೆ ಬರೆದ ಪತ್ರದಲ್ಲೇ ಇದೆ. ಪೌಲ ಅವರ ಕೂಟ ಮುಚ್ಚಿಸಲಿಲ್ಲ. ಇವರು ನನ್ನ ಜೊತೆ ಸುವಾರ್ತೆಗಾಗಿ ಹೋರಾಡಿದವರು, ಇವರಿಗೆ ಸಹಾಯ ಮಾಡು ಎಂದು ಮತ್ತೊಬ್ಬರಿಗೆ ಬರೆದ. ಈ ವಾದದ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯಲು ನನಗೆ ಮನಸ್ಸಿಲ್ಲ.

ಪಂಡಿತಾ ರಮಾಬಾಯಿಯವರ ಹೆಸರನ್ನು ಮಹಿಳಾ ಭಾನುವಾರದ ಪ್ರಸಂಗದಲ್ಲಿ ಎಲ್ಲರೂ ಹೇಳುತ್ತಾರೆ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಎಲ್ಲರನ್ನೂ ಕಳೆದುಕೊಂಡರು. ಆಮೇಲೆ ವಿಧವೆಯರಿಗೆ ಶಾಲೆ ತೆರೆದರು. ಬರಗಾಲದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವಿನಲ್ಲಿ ತಾವು ಕಟ್ಟಿದ ಮುಕ್ತಿ ಎಂಬ ಆಶ್ರಯದಲ್ಲಿ ಸಾಕಿದರು. ಒಬ್ಬಳೇ ಹೆಂಗಸು ಎಷ್ಟು ಮಾಡಿದಳು ನೋಡಿ, ನೀವೂ ಮಾಡಿ ಎಂದು ನಮಗೆ ಹೇಳುತ್ತಾರೆ. ಒಬ್ಬಳೇ ಎಲ್ಲಿ? ಸುಂದರಬಾಯಿ ಪವಾರ್ ಜೊತೆಗಿದ್ದರು. ಮಿನ್ನಿ ಅಬ್ರಾಮ್ಸ್ ಇದ್ದರು. ಮಗಳು ಮನೋರಮಾ ಬಲಗೈಯಾಗಿ ಇದ್ದರು. ಆ ಮಗಳು 1921ರಲ್ಲಿ ತೀರಿಕೊಂಡರು. ಮರುವರ್ಷವೇ ತಾಯಿಯೂ ಹೋದರು. ರಮಾಬಾಯಿಯವರ ಧೈರ್ಯವನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಅಂಥವರಿಗೂ ಜೊತೆ ಬೇಕಾಗಿತ್ತು. ನಮ್ಮ ಸೆಕ್ರೆಟರಿ ಅಕ್ಕನಿಗೆ ಬೇಡವೇ?

ಹುದ್ದೆ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅಂತಲೂ ನನಗೆ ಅನ್ನಿಸುವುದಿಲ್ಲ. ಸಿಎಸ್‌ಐ (ದಕ್ಷಿಣ ಭಾರತ) ಸಭೆಯಲ್ಲಿ 1976ರಿಂದ ಹೆಂಗಸರಿಗೆ ಗುರುದೀಕ್ಷೆ ಇದೆ. 2013ರಲ್ಲಿ ಪುಷ್ಪಲಲಿತಾ ಅಮ್ಮನವರು ನಂದ್ಯಾಲದ ಬಿಷಪ್ ಆದಾಗ ನಾವು ಎಷ್ಟು ಸಂತೋಷಪಟ್ಟೆವು! ಅದು ಇನ್ನೂ ಹೆಚ್ಚಬೇಕು. ಆದರೆ ದೀಕ್ಷೆ ಪಡೆದ ಅಮ್ಮನವರಿಗೂ ಸಂಜೆ ಮನೆಗೆ ಬಂದಾಗ ಮಾತಾಡಲು ಒಬ್ಬರು ಬೇಕು. ಹಾರ ಶಾಲು ಹಾಕಿ ಸನ್ಮಾನ ಮಾಡಿದರೆ ಆ ಜಾಗ ತುಂಬುವುದಿಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಕಮಿಟಿಯವರೇ, ಮೊದಲು ನೀವು. ಕಾರ್ಯಕ್ರಮ ಮುಗಿದ ಮೇಲೆ ಲೆಕ್ಕ ಕೇಳುವ ಮೊದಲು ಊಟ ಆಯ್ತಾ ಕೇಳಿ. ಕುರ್ಚಿ ಎತ್ತಿಡಿ, ಪಾತ್ರೆ ತೊಳೆಯಿರಿ, ಗಂಡಸರ ಕೈಯೇನೂ ಸವೆಯುವುದಿಲ್ಲ. ವರ್ಷಕ್ಕೊಮ್ಮೆ ಒಂದು ತಿಂಗಳು ಕೂಟದ ಜವಾಬ್ದಾರಿಯನ್ನು ಬೇರೆಯವರಿಗೆ ಕೊಟ್ಟು ಅವಳನ್ನು ಸುಮ್ನೆ ಬಂದು ಕೂರಲು ಬಿಡಿ. ಕೂಟದ ಹೆಂಗಸರೇ, ನಿಮ್ಮ ಅಕ್ಕನ ಮನೆಗೆ ಒಂದು ದಿನ ಹೋಗಿ. ನಿಮ್ಮ ಕಷ್ಟ ಹೇಳಲು ಅಲ್ಲ, ಅವಳದ್ದು ಕೇಳಲು. ಅವಳ ಅತ್ತೆಯ ಹತ್ತಿರ ಒಂದು ಮಧ್ಯಾಹ್ನ ನೀವು ಕೂತುಕೊಳ್ಳಿ, ಅವಳು ಮಲಗಲಿ.

ಇನ್ನು ಕೂಟ ನಡೆಸುವ ಅಕ್ಕತಂಗಿಯರೇ, ಇದು ನಿಮಗೆ. ಯಾರೋ ಬಂದು ವಿಚಾರಿಸಲಿ ಅಂತ ಕಾಯಬೇಡಿ. ಬೇರೆ ಬೇರೆ ಸಭೆಗಳ ಮೂರು ನಾಲ್ಕು ಜನ ತಿಂಗಳಿಗೊಮ್ಮೆ ಸೇರೋಣ. ಒಂದೇ ಸಭೆಯವರು ಬೇಡ, ಯಾಕೆ ಅಂತ ಮೇಲೆ ಹೇಳಿದ್ದೇನೆ. ನಡಾವಳಿ ಪುಸ್ತಕ ಬೇಡ, ಕಾಣಿಕೆ ಬೇಡ, ಪ್ರಸಂಗಕ್ಕೆ ಯಾರನ್ನೂ ಕರೆಯುವುದು ಬೇಡ, ಫೋಟೊ ಬೇಡ. ಅಲ್ಲಿ ಆಡಿದ ಮಾತು ಅಲ್ಲೇ ಇರಬೇಕು, ವಾಟ್ಸ್‌ಆ್ಯಪ್‌ಗೆ ಹೋಗಬಾರದು. ಪ್ರಾರ್ಥನೆ ಬಂದರೆ ಮಾಡೋಣ. ಬರದಿದ್ದವಳ ಪಾಲಿನದನ್ನು ಪಕ್ಕದವಳು ಮಾಡಲಿ. ಕುಂದಗೋಳದಿಂದ, ಅಣ್ಣಿಗೇರಿಯಿಂದ ಬರುವುದಕ್ಕೆ ಬಸ್ಸಿನ ಖರ್ಚಿನ ಚಿಂತೆಯೂ ಇಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಉಚಿತ. ಆಧಾರ್ ಕಾರ್ಡ್ ಹಿಡಿದು ಹತ್ತಿ.

ಮೊದಲ ಸಲ ನಮ್ಮ ಮನೆಯಲ್ಲೇ ಸೇರೋಣ. ಈಸ್ಟರ್ ಏಪ್ರಿಲ್ 5ಕ್ಕೆ ಇದೆ. ಅದರ ಮುಂದಿನ ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ. ಶುಭ ಶುಕ್ರವಾರ, ಈಸ್ಟರ್ ಎಲ್ಲ ಮುಗಿಸಿ ನೀವು ಎಷ್ಟು ದಣಿದಿರುತ್ತೀರಿ ಎಂದು ನನಗೆ ಗೊತ್ತು, ಅದಕ್ಕೇ ಆ ದಿನ. ನಿನ್ನೆಯ ಅಕ್ಕ ಬರುತ್ತೇನೆ ಅಂದಿದ್ದಾಳೆ. ಆ ದಿನ ಅವಳ ಅತ್ತೆಯನ್ನು ನೋಡಿಕೊಳ್ಳಲು ನನ್ನ ತಂಗಿ ಹೋಗುತ್ತಾಳೆ. ಕೈಯಲ್ಲಿ ಏನೂ ತರಬೇಡಿ, ಡಬ್ಬಿ ಕಟ್ಟಿಕೊಂಡು ಬರಲೇಬೇಡಿ. ಅಡುಗೆ ನಮ್ಮೆಜಮಾನರದ್ದು, ಮಗನದ್ದು. ದೇವರ ದಯೆಯಿಂದ ಅವರು ಈಗ ಆರಾಮಾಗಿದ್ದಾರೆ, ನಿನ್ನೆ ರಾತ್ರಿಯೇ ಒಪ್ಪಿಕೊಂಡಿದ್ದಾರೆ. ಬರುವವರು ಇನ್‌ಬಾಕ್ಸ್‌ನಲ್ಲಿ ಒಂದು ಸಾಲು ಬರೆಯಿರಿ. ಮಾಂಸ ತಿನ್ನದವರು ಇದ್ದರೆ ಅದನ್ನೂ ಬರೆಯಿರಿ, ಬೇರೆ ಪಲ್ಯ ಮಾಡಿಸುತ್ತೇನೆ.