ಬೆರಳಿಟ್ಟರೆ ಓದಿದ ಹಾಗಾಯ್ತಾ?

ನಮ್ಮ ಮನೆಯವರನ್ನು ಹಿತ್ತಲಿಗೆ ಕರಿಬೇವು ತರೋಕೆ ಕಳಿಸಿದರೆ ಬರಿಗೈಯಲ್ಲಿ ವಾಪಸ್ ಬರುತ್ತಾರೆ. ಗಿಡದ ಹತ್ತಿರ ಹೋಗಿರುತ್ತಾರೆ, ನಿಂತಿರುತ್ತಾರೆ, ಬೇಲಿ ಆಚೆಯ ಅಜ್ಜಿ ಜೊತೆ ಮಳೆಯ ಬಗ್ಗೆ ಮಾತಾಡಿರುತ್ತಾರೆ. "ಎಲ್ರೀ ಕರಿಬೇವು?" ಅಂದರೆ "ಅಯ್ಯೋ" ಅನ್ನುತ್ತಾರೆ. ಅಷ್ಟರಲ್ಲಿ ಸಾಸಿವೆ ಸಿಡಿದು, ಸೀದು, ಕಪ್ಪಾಗಿರುತ್ತದೆ. ಬೇರೆಯವರಾಗಿದ್ದರೆ ಸರಿಯಾಗಿ ಬೈಯುತ್ತಿದ್ದರು. ನಾನು ಮಾತ್ರ "ಸೆಟ್‌ಎಲ್‌ಎಲ್ ಮಾಡಿ ಬಂದ್ರಾ? ಹೋಗಿ ರೀಡ್ ಮಾಡ್ಕೊಂಡು ಬನ್ನಿ" ಅನ್ನುತ್ತೇನೆ. ಇಷ್ಟು ವರ್ಷವಾದರೂ ಅವರಿಗೆ ಅರ್ಥ ಆಗಿಲ್ಲ. ಬೈಗುಳ ಅಂತ ಮಾತ್ರ ಗೊತ್ತು.

ಸೆಟ್‌ಎಲ್‌ಎಲ್ ಅನ್ನೋದು ಒಂದು ಕಂಪ್ಯೂಟರ್ ಆಜ್ಞೆ. ಈ ಬೈಗುಳ ನಾನು ಕಲಿತದ್ದು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ತೋಟದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ. ಅಲ್ಲಿಗೆ ಸೇರಿದ್ದು 1996ರಲ್ಲಿ. ಆಫೀಸಿನಲ್ಲಿ ಐಬಿಎಂ ಎಎಸ್/400 ಕಂಪ್ಯೂಟರ್ ಇತ್ತು. 1988ರಲ್ಲಿ ಮಾರುಕಟ್ಟೆಗೆ ಬಂದ ತಳಿ. ಮಿಡ್‌ರೇಂಜ್ ಅಂತ ಕರೆಯುತ್ತಿದ್ದರು. ಮೇನ್‌ಫ್ರೇಮ್‌ಗಿಂತ ಚಿಕ್ಕದು, ಪಿಸಿಗಿಂತ ದೊಡ್ಡದು. ಮನೆಯ ನಡುವಿನ ಮಗಳಿದ್ದ ಹಾಗೆ. ಕೆಲಸ ಎಲ್ಲಾ ಇವಳದ್ದು, ಹೆಸರು ಮಾತ್ರ ಅಕ್ಕಂದೋ ತಂಗೀದೋ. ಡಿಸೆಂಬರ್ ಚಳಿಯಲ್ಲೂ ಆ ಯಂತ್ರಕ್ಕೆ ಎಸಿ ಬೇಕಿತ್ತು. ಅದರ ಪಕ್ಕ ಕೂತ ನನಗೆ ಎರಡು ಸ್ವೆಟರ್.

ಪ್ರೋಗ್ರಾಂ ಬರೆಯುವ ಭಾಷೆ ಆರ್‌ಪಿಜಿ. ಇದರಲ್ಲಿ ಯಾವ ಮಾತು ಎಷ್ಟನೇ ಕಾಲಂನಲ್ಲಿ ಕೂರಬೇಕು ಅನ್ನೋದಕ್ಕೂ ಮಡಿ. ನಾವು ಬಳಸುತ್ತಿದ್ದ ಹಳೇ ರೂಪದಲ್ಲಿ ಆಜ್ಞೆಗೆ ಐದೇ ಇಂಗ್ಲಿಷ್ ಅಕ್ಷರದ ಜಾಗ. ಅಪ್‌ಡೇಟ್ ಅನ್ನೋದರ ಕೊನೆಯ 'ಇ'ಗೆ ಜಾಗ ಸಾಲದೆ ಅದು 'ಅಪ್‌ಡಾಟ್' ಆಗಿತ್ತು. ಡಿಲೀಟ್‌ಗೂ ಅದೇ ಗತಿ. ಸೆಟ್‌ಎಲ್‌ಎಲ್‌ಗೆ (SETLL) ಸರಿಯಾಗಿ ಐದಕ್ಷರ. ಹಾಗಾಗಿ ಪೂರ್ತಿ ಬಾಳಿತು.

ಅದು ಮಾಡೋದಿಷ್ಟೇ. ನೀವು ಒಂದು ನಂಬರು ಕೊಡುತ್ತೀರಿ. ಫೈಲಿನಲ್ಲಿ ಆ ನಂಬರು, ಅದಿಲ್ಲದಿದ್ದರೆ ಅದಕ್ಕಿಂತ ದೊಡ್ಡ ನಂಬರು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಹೋಗಿ ನಿಲ್ಲುತ್ತದೆ. ನಿಲ್ಲುತ್ತದೆ ಅಷ್ಟೆ. ಏನನ್ನೂ ತರೋದಿಲ್ಲ. ತರಬೇಕಾದರೆ ಆಮೇಲೆ ರೀಡ್ ಅನ್ನಬೇಕು. ಮೊದಲ ವಾರ ನನಗೆ ಇದು ಹೊಳೆಯಲೇ ಇಲ್ಲ. ನಂಬರು ಕೊಟ್ಟೆ, ಹುಡುಕು ಅಂದೆ, ಪ್ರಿಂಟ್ ಮಾಡು ಅಂದೆ. ಬಂದದ್ದು ಖಾಲಿ ಹೆಸರು, ಸೊನ್ನೆ ಮೂಟೆ. ಯಂತ್ರ ಕೆಟ್ಟಿದೆ ಅಂತ ಮ್ಯಾನೇಜರ್‌ಗೆ ಹೇಳಿಯೂ ಬಿಟ್ಟೆ. ಧೈರ್ಯ ನೋಡಿ.

ಬಿಡಿಸಿ ಹೇಳಿದವರು ಹೆಡ್ ಗುಮಾಸ್ತ ರಾಯರು. ಅವರಿಗೆ ಕಂಪ್ಯೂಟರ್ ಅಂದರೆ ಆಗುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೂ ಕೈಬರಹದ ಒಂದು ಲೆಡ್ಜರ್ ಇಟ್ಟಿದ್ದರು. ಪುಟದ ಅಂಚನ್ನು ಕತ್ತರಿಸಿ, ಬೆಳೆಗಾರರ ನಂಬರು ಬರೆದು ಮೆಟ್ಟಿಲು ಮೆಟ್ಟಿಲಾಗಿ ಮಾಡಿದ್ದ ಲೆಡ್ಜರ್. ಒಂದು ಮೆಟ್ಟಿಲಿಗೆ ಬೆರಳಿಟ್ಟು, "ಏನಮ್ಮಾ, ಈಗ ನಾನು ಈ ಗೌಡ್ರ ಲೆಕ್ಕ ಓದಿದ ಹಾಗಾಯ್ತಾ?" ಅಂದರು.

"ಇಲ್ಲ ರಾಯ್ರೇ."

"ಮತ್ತೆ ಅದು ಹೇಗಮ್ಮಾ ಓದುತ್ತೆ, ಬೆರಳಿಟ್ಟ ತಕ್ಷಣ?"

ಆರ್‌ಪಿಜಿಯ ಗಂಧಗಾಳಿ ಇಲ್ಲದ ಮನುಷ್ಯ! ನನಗೆ ಎರಡು ದಿನ ಅವರ ಮುಖ ನೋಡೋಕೆ ಆಗಲಿಲ್ಲ.

ಸರಿ, ರೀಡ್ ಸೇರಿಸಿದೆ. ಅಲ್ಲಿಂದ ಶುರುವಾಯಿತು ನಿಜವಾದ ಫಜೀತಿ.

ಆ ಸೀಸನ್ನಿನಲ್ಲಿ ಬೆಳೆಗಾರರಿಗೆ ಒಂದು ಕಾಗದ ಕಳಿಸೋಣ ಅಂತ ಮ್ಯಾನೇಜರ್‌ಗೆ ಆಸೆಯಾಯಿತು. 'ನಿಮ್ಮ ಮೊದಲ ಲೋಡು ಇಂಥ ತಾರೀಕು ಮುಟ್ಟಿದೆ, ಇಷ್ಟು ಮೂಟೆ, ವಂದನೆಗಳು.' ಆಸೆಗೆ ಕಾರಣವೂ ಇತ್ತು. ಮೊದಲೆಲ್ಲ ಕಾಫಿ ಅಂದರೆ ಕಾಫಿ ಮಂಡಳಿಯ ಪೂಲಿಗೆ ಹೋಗಬೇಕಿತ್ತು, ಎಲ್ಲರದ್ದನ್ನೂ ಒಟ್ಟು ಸೇರಿಸಿ ಮಂಡಳಿಯೇ ಮಾರುತ್ತಿತ್ತು. 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿ ತಾವೇ ಯಾರಿಗೆ ಬೇಕಾದರೂ ಮಾರಬಹುದು ಅಂತಾಯಿತು. ವ್ಯಾಪಾರಿಗಳು ಜೀಪಿನಲ್ಲಿ ತೋಟದ ಗೇಟಿಗೇ ಬಂದು ನಿಲ್ಲುತ್ತಿದ್ದರು. ಬರುವ ಗಿರಾಕಿಯನ್ನು ಪ್ರೀತಿಯಿಂದ ಮಾತಾಡಿಸಬೇಕು ಅಂತ ನಮ್ಮ ಆಫೀಸಿಗೆ ಮೊದಲ ಸಲ ಅನ್ನಿಸಿದ ಕಾಲ ಅದು.

ಪ್ರೋಗ್ರಾಂ ಸುಲಭ. ಪ್ರತಿ ಬೆಳೆಗಾರರ ನಂಬರಿಗೆ ಸೆಟ್‌ಎಲ್‌ಎಲ್, ಆಮೇಲೆ ಒಂದೇ ಒಂದು ರೀಡ್. ಸಿಕ್ಕಿದ್ದನ್ನು ಅಚ್ಚು ಹಾಕು. ಮಧ್ಯಾಹ್ನದೊಳಗೆ ಬರೆದು, ಕಾಗದಗಳನ್ನು ಅಂಚೆಗೆ ಹಾಕಿಸಿ, ಬೆನ್ನು ತಟ್ಟಿಸಿಕೊಂಡೆ.

ನಾಲ್ಕನೇ ದಿನ ಒಬ್ಬರು ಗೌಡರು ಬಂದರು. ಬಿಳಿ ಪಂಚೆ, ಕೈಯಲ್ಲಿ ನನ್ನ ಕಾಗದ, ಮುಖದಲ್ಲಿ ವಿಪರೀತ ವಿನಯ. "ಹದಿನಾಲ್ಕು ಮೂಟೆ ಮುಟ್ಟಿದೆ ಅಂತ ಬರ್ದಿದ್ದೀರಿ. ದುಡ್ಡು ಯಾವತ್ತು ಕೊಡ್ತೀರಿ?"

ರಾಯರು ಲೆಡ್ಜರ್ ತೆಗೆದರು. ಆ ಪುಟದಲ್ಲಿ ಒಂದಕ್ಷರವೂ ಇರಲಿಲ್ಲ. ಗೌಡರು ಆ ವರ್ಷ ಎಲ್ಲಾ ಕಾಫಿಯನ್ನೂ ಗೇಟಿನಲ್ಲೇ ಮಾರಿದ್ದರು. ನಮಗೆ ಒಂದು ಬೀಜವನ್ನೂ ಕೊಟ್ಟಿರಲಿಲ್ಲ. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. "ಕಂಪ್ಯೂಟರ್ ಸುಳ್ಳು ಹೇಳುತ್ತಾ ಮೇಡಂ? ನೀವೇ ಹೇಳಿ" ಅಂದರು. ನಾನೇನು ಹೇಳಲಿ!

ಆದದ್ದು ಏನೆಂದರೆ, ಅವರ ನಂಬರು ಲೋಡಿನ ಫೈಲಿನಲ್ಲಿ ಇರಲೇ ಇಲ್ಲ. ಇಲ್ಲದಿದ್ದರೆ ಸೆಟ್‌ಎಲ್‌ಎಲ್ ಗಲಾಟೆ ಮಾಡೋದಿಲ್ಲ. ಸುಮ್ನೆ ಅದರ ಮುಂದಿನ ನಂಬರಿನ ಹತ್ತಿರ ಹೋಗಿ ನಿಲ್ಲುತ್ತದೆ. ಬರೀ ರೀಡ್ ಅಂದರೆ ಅಲ್ಲಿ ಯಾರ ಲೆಕ್ಕ ಇದೆಯೋ ಅದನ್ನು ಎತ್ತಿ ತಂದು ಕೊಡುತ್ತದೆ. ನಾನು ಹಾಕಬೇಕಾಗಿದ್ದದ್ದು ರೀಡ್ ಅಲ್ಲ, ರೀಡ್‌ಇ. ಅದೇ ನಂಬರು ಇದ್ದರೆ ಮಾತ್ರ ತಾ, ಇಲ್ಲದಿದ್ದರೆ ದೀಪ ಹಚ್ಚಿ ತಿಳಿಸು ಅನ್ನುವ ಆಜ್ಞೆ. ಈ ದೀಪ ಅಂದರೆ ಇಂಡಿಕೇಟರ್. 01ರಿಂದ 99ರವರೆಗೆ ನಂಬರಿನ ಇಂಡಿಕೇಟರುಗಳು. ಯಾವುದು ಯಾಕೆ ಹತ್ತಿತು ಅಂತ ನೆನಪಿಡೋದರಲ್ಲೇ ಅರ್ಧ ಆಯುಷ್ಯ ಹೋಗುತ್ತಿತ್ತು. ಒಂದು ರೀಡ್‌ಇ, ಒಂದು ದೀಪ. ಇಷ್ಟು ಜಿಪುಣತನ ಮಾಡಿದ್ದಕ್ಕೆ ಹದಿನಾಲ್ಕು ಮೂಟೆ.

ಇನ್ನೊಂದು ಸೊಗಸು ಕೇಳಿ. ನಮ್ಮಲ್ಲಿ ನಂಬರು ಕೊಟ್ಟದ್ದು ಊರಿನ ಪ್ರಕಾರ. ಹಾಗಾಗಿ ಮುಂದಿನ ನಂಬರು ಅಂದರೆ ಪಕ್ಕದ ತೋಟದವರು. ಆ ಎರಡು ತೋಟಗಳ ಮಧ್ಯೆ ಬೇಲಿಯ ವಿಷಯಕ್ಕೆ ಹಳೇ ಜಗಳ. ಮರುದಿನ ಅವರೂ ಬಂದರು. "ನನ್ನ ಬೇಲಿ ಒತ್ತಿದ್ದು ಸಾಲ್ದು ಅಂತ ಈಗ ಕಂಪ್ಯೂಟರಿನಲ್ಲಿ ಕಾಫಿನೂ ಒತ್ಕೊಂಡ್ರಾ?" ಮ್ಯಾನೇಜರ್ ಇಬ್ಬರಿಗೂ ಕಾಫಿ ತರಿಸಿ, ನನ್ನನ್ನು ಸರ್ವರ್ ರೂಮಿಗೆ ಕಳಿಸಿದರು. ಅವತ್ತು ಎಸಿ ಚಳಿ ಹಿತವಾಗಿತ್ತು.

ರೀಡ್‌ಇ ಕಲಿತ ಹುಮ್ಮಸ್ಸಿನಲ್ಲಿ ಮುಂದಿನ ತಿಂಗಳು ಇನ್ನೊಂದು ಸಾಹಸ. ಬೆಳೆಗಾರರ ಎಲ್ಲಾ ಲೋಡುಗಳ ಪಟ್ಟಿ ಬೇಕಿತ್ತು. ಒಂದು ಸಲ ಸೆಟ್‌ಎಲ್‌ಎಲ್, ಆಮೇಲೆ ದೀಪ ಹತ್ತುವವರೆಗೆ ಸುತ್ತು ಹಾಕುತ್ತಾ ರೀಡ್‌ಇ. ನಾನು ಸೆಟ್‌ಎಲ್‌ಎಲ್ ಅನ್ನು ಸುತ್ತಿನ ಹೊರಗೆ ಇಡುವ ಬದಲು ಒಳಗೆ ಇಟ್ಟೆ. ಒಂದು ಸಾಲು ಆಚೀಚೆ, ಅಷ್ಟೆ. ಚಾಲೂ ಮಾಡಿ ಮನೆಗೆ ಊಟಕ್ಕೆ ಹೋದೆ. ಅತ್ತೆ ಕಡುಬು ಮಾಡಿದ್ದರು, ನಿಧಾನವಾಗಿಯೇ ಆಯಿತು.

ಯಂತ್ರ ಏನು ಮಾಡಬೇಕು ಹೇಳಿ? ಮೊದಲ ಸಾಲಿಗೆ ಬೆರಳಿಡುತ್ತದೆ, ಓದುತ್ತದೆ, ಬರೆಯುತ್ತದೆ. ಮತ್ತೆ ಮೊದಲ ಸಾಲಿಗೆ ಬೆರಳಿಡುತ್ತದೆ. ಎರಡನೇ ಸಾಲಿಗೆ ಹೋಗೋಕೆ ನಾನು ಬಿಟ್ಟರೆ ತಾನೇ! ಫಾರಂ ಒಂದು ಪುಟಕ್ಕೆ 60 ಸಾಲು, ಪ್ರತಿ ಸಾಲಿನಲ್ಲೂ ಅದೇ ಬೆಳೆಗಾರರ ಅದೇ 12 ಮೂಟೆ. ಪುಟಕ್ಕೆ 720 ಮೂಟೆ. 50 ಕೆಜಿ ಮೂಟೆ ಅಂದರೆ 36 ಟನ್. ನಾನು ಬಂದಾಗ ತೂತಿನ ಅಂಚಿನ ಅಗಲ ಕಾಗದ ಮಡಿಕೆ ಬಿಚ್ಚಿ ನೆಲದ ಮೇಲೆ ಮೊಣಕಾಲುದ್ದ ಬಿದ್ದಿತ್ತು. ಪ್ರಿಂಟರ್ ಕಿರ್ರೋ ಅನ್ನುತ್ತಲೇ ಇತ್ತು. ಬಾಬಾ ಬುಡನ್ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರು ಅಂತ ಕಥೆ ಇದೆಯಲ್ಲ, ಅದಾದ ಮೇಲೆ ಕಾಫಿ ಬೆಳೆ ಇಷ್ಟು ಬೇಗ ಹೆಚ್ಚಿದ್ದು ಆವತ್ತೇ ಇರಬೇಕು.

ಸ್ಕ್ರೀನ್ ನೋಡಿದರೆ ಪ್ರೋಗ್ರಾಂ ಆಗಲೇ ನಿಂತಿತ್ತು. ಒಂದು ಪ್ರಿಂಟ್ ಫೈಲಿಗೆ ಒಂದು ಲಕ್ಷ ಸಾಲಿನ ಮಿತಿ ಇರುತ್ತದೆ. ಆ ಮಿತಿ ಮುಟ್ಟಿ, ಮುಂದುವರಿಸಲೋ ನಿಲ್ಲಿಸಲೋ ಅಂತ ಆಪರೇಟರ್‌ಗೆ ಮೆಸೇಜ್ ಕಳಿಸಿ, ಉತ್ತರಕ್ಕೆ ಕಾಯುತ್ತಿತ್ತು. ಎಷ್ಟು ಮರ್ಯಾದಸ್ಥ ಯಂತ್ರ! ಆದರೆ ಆಪರೇಟರ್ ಅಂದರೆ ನಾನೇ. ನಾನು ಕಡುಬು ತಿನ್ನುತ್ತಿದ್ದೆ. ನಿಲ್ಲಿಸು ಅಂದೆ, ಪ್ರೋಗ್ರಾಂ ಸತ್ತಿತು. ಪ್ರಿಂಟರ್ ಸಾಯಲಿಲ್ಲ. ಬರೆದಾಗಿದ್ದ ಲಕ್ಷ ಸಾಲು ಸ್ಪೂಲ್‌ನಲ್ಲಿ ಸರದಿಗೆ ಕೂತಿತ್ತಲ್ಲ, ಅದನ್ನು ಬೇರೆಯಾಗಿ ಅಳಿಸಬೇಕು ಅನ್ನೋದು ಹೊಳೆಯುವ ಹೊತ್ತಿಗೆ ಇನ್ನಷ್ಟು ಟನ್ ಬಂದಿತ್ತು. ರಾಯರು ಆ ಕಾಗದವನ್ನೆಲ್ಲ ಜೋಡಿಸಿ ಒಯ್ದರು. ಒಂದು ಮಗ್ಗುಲು ಖಾಲಿ ಇತ್ತು. ಅವರ ಮೊಮ್ಮಗ ಎಸ್ಸೆಸ್ಸೆಲ್ಸಿ ಗಣಿತವನ್ನು ಅದರಲ್ಲೇ ಮಾಡಿ ಪಾಸಾದ ಅಂತ ಕೇಳಿದೆ.

ಮತ್ತೊಂದು ಸಲ ಕೋಡುಗಳ ಕೊನೆಗೆ ಹೋಗಬೇಕಿತ್ತು. ಕೊನೆ ಅಂದರೆ ಝಡ್ ತಾನೇ ಅಂತ ನಾಲ್ಕು ಝಡ್ ಹಾಕಿ, ಅಲ್ಲಿಂದ ಹಿಂದಕ್ಕೆ ಓದಿದೆ. ಅಂಕಿಯಿಂದ ಶುರುವಾಗುವ ಕೋಡುಗಳೆಲ್ಲ ಮಾಯ. ಪಿಸಿಯಲ್ಲಿ ಅಂಕಿ ಮೊದಲು, ಅಕ್ಷರ ಆಮೇಲೆ. ಎಎಸ್/400ರ ಎಬ್‌ಸಿಡಿಕ್ ಕ್ರಮದಲ್ಲಿ ತಿರುಗುಮುರುಗು, ಝಡ್ ಆದ ಮೇಲೆ ಸೊನ್ನೆ. ಇದನ್ನು ಯಾರೂ ಕಂಡುಹಿಡಿಯಲಿಲ್ಲ. ನಾನೂ ಈಗಲೇ ಹೇಳುತ್ತಿರುವುದು.

ರಾಯರಿಗೆ ನಿಜವಾಗಿ ಸಿಟ್ಟು ಬಂದದ್ದು ಲಾಕ್ ವಿಷಯದಲ್ಲಿ. ತಿದ್ದೋದಕ್ಕೆ ಅಂತ ತೆರೆದ ಫೈಲಿನಲ್ಲಿ ಒಂದು ರೆಕಾರ್ಡ್ ಓದಿದರೆ, ನೀವು ಬಿಡುವವರೆಗೆ ಇನ್ನೊಬ್ಬರು ಅದನ್ನು ತಿದ್ದುವ ಹಾಗಿಲ್ಲ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆಯುತ್ತಾರಲ್ಲ, ಥೇಟ್ ಹಾಗೆ. ಸೆಟ್‌ಎಲ್‌ಎಲ್ ಮಾಡೋದು ಅಂದರೆ ಸೀಟಿನ ಮೇಲೆ ಕಣ್ಣು ಹಾಕಿದ್ದು ಮಾತ್ರ, ಲಾಕ್ ಇಲ್ಲ. ರೀಡ್, ಕೊಟ್ಟ ನಂಬರನ್ನು ನೇರವಾಗಿ ಹುಡುಕಿ ತರುವ ಚೈನ್, ಇವೆಲ್ಲ ಟವೆಲ್. ನಾನು ಒಬ್ಬ ಬೆಳೆಗಾರರ ರೆಕಾರ್ಡಿಗೆ ಟವೆಲ್ ಹಾಕಿ, ವಿಳಾಸ ತಿದ್ದುವುದನ್ನು ಅರ್ಧಕ್ಕೆ ಬಿಟ್ಟು, ಸ್ಕ್ರೀನ್ ಹಾಗೇ ಇಟ್ಟು ಕಾಫಿಗೆ ಹೋದೆ. ಕಾಫಿ ಕಾರ್ಖಾನೆಯಲ್ಲಿ ಕಾಫಿಗೆ ಹೋದರೆ ಬೇಗ ಬರೋಕಾಗುತ್ತಾ? ಅದೇ ಬೆಳೆಗಾರರು ರಾಯರ ಮುಂದೆ ಕೂತಿದ್ದರು. ರಾಯರು ಮನಸ್ಸು ಗಟ್ಟಿ ಮಾಡಿ ಮೊದಲ ಸಲ ಲೆಡ್ಜರ್ ಬಿಟ್ಟು ಕಂಪ್ಯೂಟರ್ ಮುಟ್ಟಿದ್ದರು. ಅದು 60 ಸೆಕೆಂಡ್ ಸುಮ್ಮನೆ ಕಾದು, ರೆಕಾರ್ಡ್ ಸಿಗಲಿಲ್ಲ ಅಂತ ಇಂಗ್ಲಿಷಿನಲ್ಲಿ ಬೈಯಿತು. 60 ಸೆಕೆಂಡ್ ಅಂದರೆ ರಾಯರ ತಾಳ್ಮೆಗಿಂತ 55 ಸೆಕೆಂಡ್ ಜಾಸ್ತಿ. ಅವರು ಆಮೇಲೆ ರಿಟೈರ್ ಆಗುವವರೆಗೆ ಕೀಬೋರ್ಡ್ ಮುಟ್ಟಲಿಲ್ಲ.

ಆದರೂ ಕೊನೆಯ ಪಾಠ ಅವರದ್ದೇ. ಪ್ರತಿ ಬೆಳೆಗಾರರ ಕೊನೆಯ ಲೋಡು ಬೇಕು ಅಂದಾಗ ನಾನು ಮೊದಲಿನಿಂದ ಓದಿಕೊಂಡು ಹೋಗುವ ಪ್ರೋಗ್ರಾಂ ಬರೆಯುತ್ತಿದ್ದೆ. ರಾಯರು ಹಿಂದಿನಿಂದ ಇಣುಕಿ, "ಮುಂದಿನವರ ಪುಟ ತೆಗೆದು ಒಂದು ಹಾಳೆ ಹಿಂದಕ್ಕೆ ಮಗುಚಿದ್ರೆ ಆಗಲ್ವೇನಮ್ಮಾ?" ಅಂದರು. ಅದಕ್ಕೆ ಆಜ್ಞೆಯೇ ಇತ್ತು. ಸೆಟ್‌ಜಿಟಿ ಅಂದರೆ ಆ ನಂಬರು ದಾಟಿ ನಿಲ್ಲು. ರೆಡ್‌ಪಿಇ ಅಂದರೆ ಹಿಂದಕ್ಕೆ ಒಂದು ಓದು, ಅದೇ ನಂಬರಾದರೆ ಮಾತ್ರ. ಐಬಿಎಂನವರು ನಮ್ಮ ರಾಯರನ್ನು ಕೇಳಿ ಮಾಡಿದ್ದರೇನೋ ಅನ್ನಿಸಿತು.

ಮೊನ್ನೆ ಭಾನುವಾರ ಮತ್ತೆ ಒಗ್ಗರಣೆಗೆ ಇಟ್ಟು ಮನೆಯವರನ್ನು ಹಿತ್ತಲಿಗೆ ಓಡಿಸಿದೆ. "ಬರೀ ನಿಂತು ಬರಬೇಡಿ, ರೀಡ್ ಮಾಡಿ" ಅಂತ ಎರಡು ಸಲ ಹೇಳಿದೆ. ಆಶ್ಚರ್ಯ, ಎರಡೇ ನಿಮಿಷಕ್ಕೆ ಕೈತುಂಬಾ ಕರಿಬೇವು ಹಿಡಿದು ಬಂದರು. ಎಳೆ ಎಲೆ, ಘಮಘಮ.

"ನಮ್ಮ ಗಿಡದಲ್ಲಿ ಇಷ್ಟು ಚಿಗುರು ಎಲ್ಲಿತ್ತು?" ಅಂದೆ.

"ನಮ್ಮದರಲ್ಲಿ ಒಂದೆಲೆನೂ ಇರ್ಲಿಲ್ಲ ಕಣೇ. ಅದರ ಪಕ್ಕದ್ದರಲ್ಲಿತ್ತು, ಕಿತ್ಕೊಂಡು ಬಂದೆ."

ಅಷ್ಟರಲ್ಲಿ ಬೇಲಿ ಆಚೆಯಿಂದ ಅಜ್ಜಿಯ ದನಿ ಕೇಳಿಸತೊಡಗಿತ್ತು.