ಹಂಚು, ಅಚ್ಚು, ದೀಕ್ಷಾಸ್ನಾನ: ಕರಾವಳಿಯನ್ನು ಬದಲಿಸಿದ್ದು ಬಾಸೆಲ್ ಮಿಷನ್ನಿನ ನಂಬಿಕೆಯೇ?

ಪರ: ಮೊದಲು ದೀಕ್ಷಾಸ್ನಾನ, ಆಮೇಲೆ ಹಂಚು

ಮಂಗಳೂರು ಹಂಚಿನ ಕಥೆ ಹೇಳುವವರು ಸಾಮಾನ್ಯವಾಗಿ 1865ರಿಂದ, ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಾಕಿದ ಕಾರ್ಖಾನೆಯಿಂದ ಶುರುಮಾಡುತ್ತಾರೆ. ಅಲ್ಲಿಂದ ಶುರುಮಾಡಿದರೆ ಅದು ಬರೀ ಉದ್ಯಮದ ಕಥೆಯಾಗಿಬಿಡುತ್ತದೆ. ಬುಡ ಇರುವುದು ಅದಕ್ಕೂ ಮೂವತ್ತು ವರ್ಷ ಹಿಂದೆ. 1834ರ ಅಕ್ಟೋಬರ್ 30ರಂದು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಘವಾದ ಬಾಸೆಲ್ ಮಿಷನ್ನಿನ ಸಾಮುವೆಲ್ ಹೆಬಿಕ್, ಯೋಹಾನ್ ಲೆಹ್ನರ್, ಗ್ರೈನರ್ ಮಂಗಳೂರು ಮುಟ್ಟಿದಾಗ ಕಾರ್ಖಾನೆ ಕಟ್ಟುವ ಯೋಚನೆ ಅವರಲ್ಲಿ ಯಾರಿಗೂ ಇರಲಿಲ್ಲ. ಹಿಂದಿನ ವರ್ಷವಷ್ಟೇ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣಗೊಂಡು ಬ್ರಿಟಿಷರಲ್ಲದ ಮಿಷನರಿಗಳಿಗೂ ದಾರಿ ತೆರೆದಿತ್ತು. ಅವರು ತಂದದ್ದು ಒಂದೇ ಮಾತು: ದೇವರ ಮುಂದೆ ಪ್ರತಿಯೊಬ್ಬನೂ ತಾನಾಗಿಯೇ ನಿಲ್ಲಬೇಕು, ಅವನ ಪರವಾಗಿ ಅವನ ಜಾತಿಯಾಗಲಿ ಮನೆತನವಾಗಲಿ ನಿಲ್ಲಲಾರದು. ಮುಂದಿನ ಎಲ್ಲವೂ, ಹಂಚು ಸಮೇತ, ಈ ಮಾತಿನಿಂದ ಹೊರಟದ್ದು.

ಹೇಗೆಂದು ನೋಡೋಣ. ದೀಕ್ಷಾಸ್ನಾನ, ಅಂದರೆ ಕ್ರೈಸ್ತನಾಗಿ ಸೇರುವ ನೀರಿನ ಸಂಸ್ಕಾರ, ಬೇಕೆಂದು ಬಂದವನ ತಲೆಗೆ ಅವತ್ತೇ ನೀರು ಹಾಕುತ್ತಿರಲಿಲ್ಲ. ಹತ್ತು ಆಜ್ಞೆ, ಕರ್ತನ ಪ್ರಾರ್ಥನೆ, ವಿಶ್ವಾಸ ಪ್ರಮಾಣ ಇಷ್ಟನ್ನು ಉಪದೇಶಿಯ ಹತ್ತಿರ ಕಲಿಯಬೇಕು. ನಡತೆ ಹೇಗಿದೆಯೆಂದು ನೋಡುತ್ತಾರೆ. ಕುಡಿತ ಬಿಡಬೇಕು, ಭೂತದ, ಅಂದರೆ ಊರ ದೈವಗಳ, ಸೇವೆ ಬಿಡಬೇಕು, ಜಾತಿ ಬಿಡಬೇಕು. ಕೊನೆಯದು ಬಾಯಲ್ಲಿ ಬಿಟ್ಟರೆ ಸಾಲದು, ಊಟಕ್ಕೆ ಕೂತಾಗ ಬಿಡಬೇಕು. ಕರ್ತನ ಭೋಜನದ ದಿನ ಒಂದೇ ರೊಟ್ಟಿ ಮುರಿದು ಒಂದೇ ಪಾತ್ರೆಯಿಂದ ಕುಡಿಯಬೇಕು. ಇನ್ನೊಬ್ಬನ ನೆರಳು ತಾಗಿದರೂ ಮೀಯುತ್ತಿದ್ದ ಕಾಲದಲ್ಲಿ, ಅವನ ತುಟಿ ತಾಗಿದ ಪಾತ್ರೆಗೆ ತುಟಿ ಕೊಡುವುದೆಂದರೆ ಏನೆಂಬುದನ್ನು ನಾವು ಕುಳಿತಲ್ಲಿಂದ ಅಂದಾಜು ಮಾಡುವುದೂ ಕಷ್ಟ. 1844ರ ಜನವರಿ 6ರಂದು ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರು ಕದಡಿಹೋದದ್ದು ಇದಕ್ಕೇ. ಅವರು ಬಾಸೆಲ್‌ನಲ್ಲಿ ಓದಿ 1851ರಲ್ಲಿ ಬೋಧಕರಾಗಿ ಮರಳಿದರು, ಮುಂದೆ ಕೊಡಗಿನ ಆನಂದಪುರದಲ್ಲಿ ದಲಿತ ಕುಟುಂಬಗಳ ನಡುವೆ ದುಡಿದರು. ಹೊಟ್ಟೆಪಾಡಿಗಾಗಿ ಮತ ಬದಲಿಸಿದರು ಎಂಬ ಮಾತು ಕೌಂಡಿನ್ಯರಿಗೆ ಎಲ್ಲೂ ಹೊಂದುವುದಿಲ್ಲ. ಅವರಿಗೆ ಸಿಕ್ಕಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಮಿಷನ್ನಿನ ಸಭೆಗೆ ಹೆಚ್ಚಾಗಿ ಬಂದವರು ಬಿಲ್ಲವರು. ಅವರಲ್ಲಿ ಅನೇಕರು ಚಾಲಗೇಣಿ ಒಕ್ಕಲುಗಳು. ಅಂದರೆ ಧಣಿ ಎಂದು ಬಿಡು ಎನ್ನುತ್ತಾನೋ ಅಂದೇ ಗದ್ದೆ ಬಿಡಬೇಕಾದವರು. ದೀಕ್ಷಾಸ್ನಾನವಾದ ಮೇಲೆ ಧಣಿ ಒಕ್ಕಲೆಬ್ಬಿಸಿದ. ಕುಟುಂಬದವರು ಹೊರಗಿಟ್ಟರು. ಮೂರ್ತೆ ಕೆಲಸವನ್ನು, ಅದು ಕಳ್ಳಿನ ಕೆಲಸವೆಂದು, ಸಭೆಯೇ ಬಿಡಿಸಿತು. ಮಡಿವಾಳ ಬಟ್ಟೆ ಮುಟ್ಟಲಿಲ್ಲ. ಊರ ಬಾವಿಗೆ ಹಗ್ಗ ಇಳಿಸುವಂತಿರಲಿಲ್ಲ. ಹೊಸ ವಿಶ್ವಾಸಿಗೆ ಬದುಕಲು ಕೆಲಸವೊಂದನ್ನು ಹುಟ್ಟಿಸಲೇಬೇಕಾಯಿತು. ಬೇಸಾಯದ ಒಕ್ಕಲು, ಗಡಿಯಾರ ಕೆಲಸ, ಪುಸ್ತಕ ಕಟ್ಟುವುದು, ನೇಯ್ಗೆ ಎಂದು ಒಂದೊಂದಾಗಿ ಪ್ರಯತ್ನಗಳು ನಡೆದವು. ಕೆಲವು ಕೈಕೊಟ್ಟವು. 1851ರಲ್ಲಿ ಬಂದ ಹಾಲರ್ ಮಗ್ಗದ ಕೆಲಸ ಕಾಲೂರಿ ನಿಲ್ಲುವಂತೆ ಮಾಡಿದರು. ಹಂಚು ಬಂದದ್ದು ಈ ಸಾಲಿನ ಕೊನೆಗೆ. ಜಾತಿ ಬಿಡಬೇಕೆಂಬ ಹಟ ಮಿಷನ್ನಿಗೆ ಇಲ್ಲದಿದ್ದರೆ ನಿರುದ್ಯೋಗಿ ವಿಶ್ವಾಸಿಗಳೇ ಇರುತ್ತಿರಲಿಲ್ಲ, ಜೆಪ್ಪುವಿನಲ್ಲಿ ಗೂಡು ಹೊತ್ತಿಸುವ ಅಗತ್ಯವೂ ಬರುತ್ತಿರಲಿಲ್ಲ.

ಅಚ್ಚಿನ ಕಥೆಯೂ ಇದೇ. ಮನುಷ್ಯ ತನ್ನ ತಾಯಿನುಡಿಯಲ್ಲಿ ಸತ್ಯವೇದವನ್ನು ತಾನೇ ಓದಬೇಕೆಂದಾದ ಮೇಲೆ ಶಾಲೆ ಬೇಕು, ಶಾಲೆಗೆ ಪುಸ್ತಕ ಬೇಕು, ಪುಸ್ತಕಕ್ಕೆ ಮುದ್ರಣ ಬೇಕು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್ ಶುರುವಾಯಿತು. ಮೊದಲ ವರ್ಷಗಳಲ್ಲಿ ಇದ್ದದ್ದು ಕಲ್ಲಚ್ಚು. ಉಜ್ಜಿ ನುಣುಪು ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರಗಳು ಕನ್ನಡಿಯೊಳಗೆ ಕಂಡಂತೆ ತಿರುಗುಮುರುಗಾಗಿ ಮೂಡಬೇಕು. ಮೇಲೆ ತುಸು ಆಮ್ಲ ಬೆರೆಸಿದ ಗೋಂದಿನ ನೀರು ಬಳಿಯಬೇಕು. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಆಡಿಸಿದರೆ, ನೀರು ಕುಡಿದ ಜಾಗ ಮಸಿಯನ್ನು ಒಲ್ಲೆನ್ನುತ್ತದೆ, ಜಿಡ್ಡಿನ ಅಕ್ಷರ ಹಿಡಿದುಕೊಳ್ಳುತ್ತದೆ. ಪ್ರತಿ ಹಾಳೆಗೂ ಕಲ್ಲು ಮತ್ತೆ ಒದ್ದೆಯಾಗಬೇಕು. ಒಣಗಿತೋ, ಹಾಳೆ ಪೂರಾ ಕಪ್ಪು. ನೀರು ಹೆಚ್ಚಾಯಿತೋ, ಅಕ್ಷರ ಮಂಕು. ಆದರೆ ಕನ್ನಡಕ್ಕೆ ಇದರಲ್ಲಿ ದೊಡ್ಡ ಅನುಕೂಲವಿತ್ತು. ಗುಣಿತಾಕ್ಷರ ಒತ್ತಕ್ಷರಗಳಿಗೆಲ್ಲ ನೂರಾರು ಸೀಸದ ಮೊಳೆ ಎರಕ ಹೊಯ್ಯುವವರೆಗೆ ಕಾಯಬೇಕಾಗಿರಲಿಲ್ಲ, ಕೈಬರಹವೇ ಅಚ್ಚಾಗುತ್ತಿತ್ತು. 1843ರ ಜುಲೈ 1ರಂದು ಮಿಷನರಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಹೀಗೆ ಕಲ್ಲಿನಿಂದ ಎದ್ದದ್ದು. ಜುಲೈ 1 ಇವತ್ತಿಗೂ ನಮ್ಮ ಪತ್ರಿಕಾ ದಿನ.

ಮಿಷನರಿಗಳು ಒರಟಾಗಿ ಮಾತಾಡಿದ್ದುಂಟು, ಹೆಬಿಕ್ ಜಾತ್ರೆಗಳಲ್ಲಿ ನಿಂತು ಬೋಧಿಸಿ ಜನರನ್ನು ಕೆರಳಿಸಿದ್ದೂ ಉಂಟು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅದೇ ಸಂಘದವರು ದಾಸರ ಪದಗಳನ್ನು ಹುಡುಕಿ 1850ರಲ್ಲಿ ಅಚ್ಚು ಹಾಕಿಸಿದರು. ಜೈಮಿನಿ ಭಾರತ, ಬಸವ ಪುರಾಣಗಳೂ ಅವರಿಂದ ಅಚ್ಚು ಕಂಡವು. ಕೇಳುವವನ ಮನಸ್ಸು ಹೇಗೆ ನಡೆಯುತ್ತದೆಂದು ತಿಳಿಯದೆ ಅವನೊಡನೆ ದೇವರ ಮಾತಾಡಲಾಗದು ಎಂದು ಮೊಗ್ಲಿಂಗ್‌ಗೆ ಅನಿಸಿತ್ತು. ಇದೇ ಮಿಷನ್ನಿನ ಕಿಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯಲ್ಲಿ ನಮ್ಮ ಛಂದಸ್ಸಿನಲ್ಲೇ ಕಟ್ಟಿದರು. ಮನಸ್ಸಿನೊಳಗಿನ ನಂಬಿಕೆ ಊರಿನ ನುಡಿಯನ್ನು ಮುಟ್ಟಿದ ಬಗೆಯನ್ನು ತಿಳಿಯಬೇಕೆಂದರೆ ಆ ಪುಸ್ತಕದ ನಾಲ್ಕು ಪದ್ಯ ಓದಿ ನೋಡಬಹುದು.

ವಿರೋಧ: ಹಬ್ಬಿದ್ದು ನಂಬಿಕೆಯಿಂದ ಬಿಡಿಸಿಕೊಂಡದ್ದು ಮಾತ್ರ

ಕೌಂಡಿನ್ಯರ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸುತ್ತಿಲ್ಲ. ಪ್ರಶ್ನೆ ಇರುವುದು ಕರಾವಳಿಯ ಬದುಕನ್ನು ಬದಲಿಸಿದ್ದು ಯಾವುದು ಎಂಬುದರ ಬಗ್ಗೆ. ಹಂಚಿನಿಂದಲೇ ತೊಡಗೋಣ.

ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಆವೆಮಣ್ಣು ತರಬೇಕು. ನೆನೆಹಾಕಿ, ಕಲ್ಲು ಚಿಪ್ಪು ಆರಿಸಿ, ಗಾಳಿಗುಳ್ಳೆ ಉಳಿಯದ ಹಾಗೆ ಅರೆದು ಹದ ಮಾಡಬೇಕು. ಚಪ್ಪಟೆ ಗಟ್ಟಿಗಳನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿ, ಅಂಚು ಸವರಿ, ನೆರಳಲ್ಲಿ ನಿಧಾನ ಒಣಗಿಸಿ, ಗೂಡಿನಲ್ಲಿ ಸುಡಬೇಕು. ಕಪ್ಪೆಚಿಪ್ಪಿನ ಒಂದು ಚೂರು ಮಣ್ಣಲ್ಲಿ ಉಳಿದರೆ ಬೆಂಕಿಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ, ಮಳೆಗಾಲದ ತೇವ ಹೀರಿ ಉಬ್ಬಿ ಹಂಚಿನ ಮುಖ ಸಿಡಿಸುತ್ತದೆ. ಬಿಸಿಲಲ್ಲಿ ಬೇಗ ಒಣಗಿಸಿದರೆ ಹಂಚು ಸೊಟ್ಟಗಾಗಿ ಪಕ್ಕದ್ದರ ತೋಡಿನೊಳಗೆ ಕೂರುವುದಿಲ್ಲ. ಬೆಂದದ್ದು ಸಾಲದಿದ್ದರೆ ನೀರು ಕುಡಿದು ಪಾಚಿ ಹಿಡಿಯುತ್ತದೆ. ಸರಿಯಾದ ಹಂಚು ಸುಮಾರು 41 ಸೆಂಟಿಮೀಟರ್ ಉದ್ದ, 23 ಸೆಂಟಿಮೀಟರ್ ಅಗಲ, ಎರಡರಿಂದ ಎರಡೂವರೆ ಕಿಲೋ ತೂಕ. ಮಾಡಿನ ಇಳಿಜಾರು ಪಕ್ಕಾಸಿನ ಮೇಲೆ ಅಡ್ಡಪಟ್ಟಿಗಳಾದ ರೀಪುಗಳನ್ನು ಸುಮಾರು 32 ಸೆಂಟಿಮೀಟರ್ ಅಂತರಕ್ಕೆ ಹೊಡೆದರೆ ಹಂಚಿನ ಕೆಳಗಿನ ಮೂಗು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಅಂತರ ಹೆಚ್ಚಾದರೆ ಆಷಾಢದ ಗಾಳಿಮಳೆ ಒಳಗೆ ಬರುತ್ತದೆ. ನೂರು ಚದರ ಅಡಿಗೆ ಹೆಚ್ಚುಕಡಿಮೆ 150 ಹಂಚು ಸಾಕು.

ಇದರಲ್ಲಿ ಎಲ್ಲಿಯೂ ವಿಶ್ವಾಸ ಪ್ರಮಾಣದ ಅಗತ್ಯವಿಲ್ಲ. ಹಂಚು ಮುಳಿಹುಲ್ಲಿನ ಮಾಡನ್ನು ಸೋಲಿಸಿದ್ದು ಬೆಂಕಿ ಹಿಡಿಯದೆ, ವರ್ಷ ವರ್ಷ ಹೊದೆಸುವ ಕೆಲಸ ತಪ್ಪಿಸಿದ್ದರಿಂದ. ಮಿಷನ್ನಿಗೆ ಸೇರದವರೂ ಬೇಗನೆ ಹೊಳೆದಂಡೆಯಲ್ಲಿ ಕಾರ್ಖಾನೆ ಹಾಕಿದರು. ಹಂಚು ದೇವಸ್ಥಾನಕ್ಕೂ ಏರಿತು, ಮಸೀದಿಗೂ ಏರಿತು. ದೀಕ್ಷಾಸ್ನಾನ ಆ ದಾರಿಯಲ್ಲಿ ಹೋಗಲಿಲ್ಲ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಕ್ರೈಸ್ತರು ನೂರಕ್ಕೆ ಸುಮಾರು 8 ಮಂದಿ, ಅವರಲ್ಲೂ ಬಹುಪಾಲು ಮಿಷನ್ನಿಗಿಂತ ಬಹಳ ಮೊದಲೇ ಗೋವೆಯ ಕಡೆಯಿಂದ ಬಂದ ಕ್ಯಾಥೊಲಿಕರು. ಮೂಲ ಹುಡುಕಿದರೆ ನಂಬಿಕೆ ಸಿಗಬಹುದು, ಒಪ್ಪೋಣ. ಆದರೆ ಒಂದು ವಸ್ತು ಹುಟ್ಟಿದ ಕಾರಣ ಬೇರೆ, ಅದು ನಾಡನ್ನು ಬದಲಿಸಿದ ಕಾರಣ ಬೇರೆ.

ಕಿಟೆಲ್ ನಿಘಂಟನ್ನೂ ಇದೇ ಕಣ್ಣಿನಿಂದ ನೋಡಬೇಕು. 1894ರಲ್ಲಿ ಹೊರಬಂದ, ಸುಮಾರು 70,000 ಶಬ್ದಗಳ ಆ ಗ್ರಂಥದ ಹಿಂದೆ ಕನ್ನಡದ ಪಂಡಿತರಿದ್ದರು, ಹಳಗನ್ನಡದ ವ್ಯಾಕರಣಕಾರರಾದ ಕೇಶಿರಾಜ ನಾಗವರ್ಮರಿದ್ದರು, ಗಾದೆ ಹೇಳಿದ ಹಳ್ಳಿಯವರಿದ್ದರು. ಕಿಟೆಲ್ ವಿದ್ವತ್ತಿಗೆ ಕೊಟ್ಟ ಹೊತ್ತನ್ನು ಬೋಧನೆಗೆ ಕೊಡಲಿಲ್ಲವೆಂಬ ಅಸಮಾಧಾನ ಮಿಷನ್ನಿನೊಳಗೇ ಇತ್ತು. ದಾಸರ ಪದಗಳು ಬಂದ ಗ್ರಂಥಮಾಲೆಗೆ ಹಣ ಕೊಟ್ಟದ್ದು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶ. ಕನ್ನಡಿಗರು ಇಂದಿಗೂ ಎದೆಗೊತ್ತಿಕೊಂಡಿರುವ ಕೆಲಸಗಳೆಲ್ಲ ಮತಪ್ರಚಾರದ ಅಂಚಿನಲ್ಲಿ, ಕೆಲವೊಮ್ಮೆ ಅದರ ಮುನಿಸಿನ ನಡುವೆ ಆದವು. ಅವರಿಗೆ ಕನ್ನಡದ ರುಚಿ ಹತ್ತಿತ್ತು, ಅದೊಂದೇ ಸಾಕಷ್ಟು ದೊಡ್ಡ ಕಾರಣ.

ಇನ್ನು ವ್ಯಕ್ತಿಗಳ ಬದುಕು. ಹಳೆಯ ಧಣಿಯ ಜಾಗದಲ್ಲಿ ಮಿಷನ್ನೇ ಹೊಸ ಧಣಿಯಾಯಿತೆಂಬುದನ್ನು ಪರವಾದಿಗಳು ತೇಲಿಸಿಬಿಡುತ್ತಾರೆ. ಮನೆ ಮಿಷನ್ನಿನದು, ಕೂಲಿ ಮಿಷನ್ನಿನದು, ಶಾಲೆಯೂ ಮಿಷನ್ನಿನದು. ಸಭೆಯ ಶಿಸ್ತು ಮುರಿದರೆ ಅನ್ನದ ದಾರಿಯಲ್ಲೂ ಆತಂಕ. 1914ರಲ್ಲಿ ಯುದ್ಧ ಬಂದು ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಸೆರೆಯಲ್ಲಿಟ್ಟು, ಕಾರ್ಖಾನೆಗಳು ಪರರ ಕೈಸೇರಿದಾಗ ಆ ಅವಲಂಬನೆ ಎಷ್ಟು ಆಳವಿತ್ತೆಂದು ಸಭೆಗಳಿಗೇ ತಿಳಿಯಿತು.

ಹೆಣ್ಣುಮಕ್ಕಳ ಲೆಕ್ಕ ಇನ್ನೂ ತೊಡಕಿನದು. ಬಿಲ್ಲವರದು ಅಳಿಯಸಂತಾನ ಕಟ್ಟು. ಬಳಿ, ಅಂದರೆ ಕುಲದ ಗುರುತು, ತಾಯಿಯಿಂದ, ಆಸ್ತಿ ಹರಿಯುವುದೂ ತಾಯಿಯ ಕಡೆಯಿಂದ. ಕ್ರೈಸ್ತಳಾದವಳು ಆ ಕಟ್ಟಿನಿಂದ ಹೊರಬಿದ್ದು ಗಂಡನ ಮನೆತನದ ಹೆಸರಿಗೆ ಬಂದಳು. 1865ರ ಉತ್ತರಾಧಿಕಾರ ಕಾಯಿದೆಯಲ್ಲಿ ಮಗಳಿಗೂ ಮಗನಷ್ಟೇ ಪಾಲಿತ್ತು ನಿಜ, ಆದರೆ ಒಕ್ಕಲೆದ್ದು ಬಂದ ಮನೆಯಲ್ಲಿ ಪಾಲು ಮಾಡಲು ಇದ್ದದ್ದಾದರೂ ಏನು? ಅಕ್ಷರ ಸಿಕ್ಕಿತು. ಅದು ಸಣ್ಣದಲ್ಲ. ಅದಕ್ಕೆ ತೆತ್ತದ್ದೂ ಸಣ್ಣದಲ್ಲ.

ಜಾತಿ ಹೋಯಿತೆಂಬ ಮಾತು ಕ್ರೈಸ್ತ ನಂಬಿಕೆಯ ಬಗ್ಗೆ ಸಾರಾಸಗಟಾಗಿ ಹೇಳುವಂಥದ್ದಲ್ಲ. ಅದೇ ಮಂಗಳೂರಿನ ಕ್ಯಾಥೊಲಿಕರಲ್ಲಿ ಬಾಮಣ, ಚಾರಡಿ, ಸುದಿರ್ ಎಂಬ ಜಾತಿಭೇದ ಅದೇ ಕ್ರಿಸ್ತನ ಹೆಸರಿನಲ್ಲಿ ಶತಮಾನಗಳ ಕಾಲ ಮದುವೆ ಮಾತುಕತೆಗಳಲ್ಲಿ ಬದುಕಿತ್ತು. ಮಿಷನ್ನಿನಲ್ಲಿ ಜಾತಿ ಮುರಿದಿದ್ದರೆ ಅದರ ಕೀರ್ತಿ ಕಡ್ಡಾಯವಾಗಿ ಒಟ್ಟಿಗೆ ಉಣ್ಣಿಸಿದ ಆ ನಿಯಮಕ್ಕೆ ಸಲ್ಲಬೇಕು. ಅಂಥ ನಿಯಮಕ್ಕೆ ಬೈಬಲೇ ಬೇಕೆಂದೂ ಇಲ್ಲ. 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ಶುರುವಾಯಿತು. 1897ರಲ್ಲಿ ಕುದ್ಮುಲ್ ರಂಗರಾಯರು ದಲಿತರಿಗಾಗಿ ಸಂಸ್ಥೆ ಕಟ್ಟಿ, ಸ್ವಂತ ಜಾತಿಯವರ ಬಹಿಷ್ಕಾರ ನುಂಗಿ, ಶಾಲೆ, ನಿವೇಶನ, ಕೈಕಸುಬು ಕೊಡಿಸಿದರು. ಬಿಲ್ಲವರು 1912ರಲ್ಲಿ ನಾರಾಯಣ ಗುರುಗಳ ಕೈಯಿಂದ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿಕೊಂಡು, ಬೇರೆ ಗುಡಿಯ ಹೊರಗೆ ನಿಲ್ಲುವ ಅವಮಾನಕ್ಕೆ ತಾವೇ ಉತ್ತರ ಕಂಡುಕೊಂಡರು. ಈ ಜನಸಮುದಾಯ ಮಿಷನ್ನಿಗೆ ಬಂದವರಿಗಿಂತ ಎಷ್ಟೋ ದೊಡ್ಡದು.

ಸಂಸ್ಕೃತಿಯ ನಷ್ಟದ ಒಂದು ಗುರುತು ಪುಸ್ತಕರೂಪದಲ್ಲೇ ಇದೆ. ತುಳು ನಿಘಂಟು ಮಾಡಿದ ಆಗಸ್ಟ್ ಮ್ಯಾನರ್ 1886ರಲ್ಲಿ ಭೂತಗಳ ಕಥೆ ಹೇಳುವ ತುಳು ಹಾಡುಗಳಾದ ಪಾಡ್ದನಗಳನ್ನು ಸಂಗ್ರಹಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ತುಳುವರು ಅವರಿಗೆ ಋಣಿಗಳು. ಆದರೆ ಅದೇ ಸಭೆಗೆ ಸೇರಿದ ಬಿಲ್ಲವ ಕುಟುಂಬ ಭೂತದ ಕೋಲಕ್ಕೆ ಹೋಗುವಂತಿರಲಿಲ್ಲ, ವೀರರಾದ ಕೋಟಿ ಚೆನ್ನಯರ ಗುಡಿಯಾದ ಗರೋಡಿಯಲ್ಲಿ ದೀಪ ಇಡುವಂತಿರಲಿಲ್ಲ. ನೇಜಿ ನೆಡುತ್ತ ಅಜ್ಜಿ ಹೇಳುತ್ತಿದ್ದ ಪಾಡ್ದನ ಆ ಮನೆಯ ಹುಡುಗಿಗೆ ಬಾಯಿಗೆ ಬರಲಿಲ್ಲ. ಅವಳಿಗೆ ಅದನ್ನು ಓದಲು ಬರುತ್ತಿತ್ತು, ಮಿಷನ್ನಿನ ಬಲ್ಮಠದ ಪ್ರೆಸ್ಸಿನ ಪುಸ್ತಕದಲ್ಲಿ.